ವಸೂಲಿ: ಕಾರ್ಡಿನ ಫೀ ನಿಜಕ್ಕೂ ಕೈಗೆ ಮುಟ್ಟಿತಾ?

"ಫೀ ಡಬಲ್ ವಸೂಲ್!" ಕ್ರೆಡಿಟ್ ಕಾರ್ಡಿನ ವಿಷಯ ಬಂದಾಗಲೆಲ್ಲ ಈ ಮಾತು ಕೇಳಿಸುತ್ತದೆ. ಮೊನ್ನೆ ಪರಿಚಯದವರೊಬ್ಬರು ತಮ್ಮ ಕಾರ್ಡಿನ ಲೆಕ್ಕ ಒಪ್ಪಿಸಿದರು. ವರ್ಷದ ಫೀ ಕಟ್ಟಿದ್ದಕ್ಕೆ ಬಂದ ವೋಚರ್ ಒಂದು. ಕಾರ್ಡಿನಲ್ಲಿ ಖರ್ಚು ಮಾಡಿದ್ದಕ್ಕೆ ಸಿಕ್ಕಿ ಆ್ಯಪಿನಲ್ಲಿ ಕೂತಿರುವ ಪಾಯಿಂಟ್ ಒಂದಿಷ್ಟು. ಕಾರ್ಡ್ ತೋರಿಸಿ ಒಳಗೆ ಹೋಗಬಹುದಾದ, ಆದರೆ ಇನ್ನೂ ಕಾಲಿಡದ ಏರ್‌ಪೋರ್ಟ್ ಲೌಂಜ್. ಮೂರನ್ನೂ ಕೂಡಿಸಿದರೆ ಫೀಯ ಎರಡರಷ್ಟು ಆಗುತ್ತದಂತೆ. ವೋಚರ್ ಬಳಸಿದ್ರಾ ಅಂತ ಕೇಳಿದೆ. ಇಲ್ಲ, ಇನ್ನೂ ಟೈಮ್ ಇದೆ ಅಂದರು. ಪಾಯಿಂಟ್? ಅದೂ ಇಲ್ಲ. ಹಾಗಾದರೆ ವಸೂಲಾದದ್ದು ಏನು?

ಈ ಪ್ರಶ್ನೆಯನ್ನು ಬೇರೆ ಬೇರೆಯವರಿಗೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದ್ದರಿಂದ ಈ ಸಲ ಪದವನ್ನೇ ಹಿಡಿದು ಕೂತಿದ್ದೇನೆ. ಪದ ಸರಿಯಾಗಿ ಗೊತ್ತಿದ್ದರೆ ಕಾರ್ಡಿನ ಅರ್ಧ ಲೆಕ್ಕ ತಾನಾಗಿ ಸರಿಹೋಗುತ್ತದೆ ಅಂತ ನನ್ನ ನಂಬಿಕೆ.

ವಸೂಲು ಅರೇಬಿಕ್ ಮೂಲದ ಪದ. ಅಲ್ಲಿ ವುಸೂಲ್ ಅಂದರೆ ಬಂದು ಸೇರುವುದು, ತಲುಪುವುದು. ಪ್ರೇಮದ ಕವಿತೆಗಳಲ್ಲಿ ಬರುವ ವಿಸಾಲ್, ಅಂದರೆ ಮಿಲನ, ಇದೇ ಧಾತುವಿನಿಂದ ಹುಟ್ಟಿದ್ದು. ಪಾರಸಿ ಆಡಳಿತದ ಭಾಷೆಯಾಗಿದ್ದ ಕಾಲದಲ್ಲಿ ಜಮೆ, ಖರ್ಚು, ಬಾಕಿ, ರಸೀದಿಗಳ ಜೊತೆ ವಸೂಲಿಯೂ ಕನ್ನಡಕ್ಕೆ ಬಂತು. ಇದರಲ್ಲಿ ರಸೀದಿ ನನಗೆ ತುಂಬ ಇಷ್ಟದ ಪದ. ಪಾರಸಿಯಲ್ಲಿ ರಸೀದ್ ಅಂದರೆ "ತಲುಪಿತು" ಅಂತ. ವಸೂಲಿ ಬೇರೆ ಭಾಷೆಯದು, ರಸೀದಿ ಬೇರೆ ಭಾಷೆಯದು. ಆದರೂ ಎರಡರ ಹೊಟ್ಟೆಯಲ್ಲೂ ಇರುವುದು ಒಂದೇ ಅರ್ಥ. ಹಣ ಹೊರಟಿದೆ ಅಂತಲ್ಲ, ಬರಬಹುದು ಅಂತಲ್ಲ, ಬಂದು ಸೇರಿದೆ ಅಂತ.

ಕನ್ನಡಕ್ಕೆ ಈ ಅರ್ಥ ಹೊಸದೇನೂ ಆಗಿರಲಿಲ್ಲ. ಹಣ ಕೈಗೆ ಬಂತು ಅನ್ನುವುದಕ್ಕೆ ನಮ್ಮಲ್ಲಿ ಮೊದಲೇ "ಹಣ ಮುಟ್ಟಿತು" ಅಂತ ಇದೆ. ಕಾಗದ ಮುಟ್ಟಿತು, ಸುದ್ದಿ ಮುಟ್ಟಿತು, ಹಣ ಮುಟ್ಟಿತು. ಕೈಗೆ ತಾಗುವಷ್ಟು ಹತ್ತಿರ ಬಂದಾಗ ಮಾತ್ರ ಈ ಮಾತು. ಇನ್ನೊಬ್ಬರ ಜೇಬಿನಲ್ಲಿರುವ ಹಣವನ್ನು ಮುಟ್ಟಿತು ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ವಸೂಲಾಯ್ತು ಅನ್ನುವ ಕಡೆಯಲ್ಲೆಲ್ಲ "ಮುಟ್ಟಿತು" ಅಂತ ಹಾಕಿ ನೋಡಿ. ಬಳಸದ ವೋಚರ್ ಮುಟ್ಟಿತು, ಕರಗಿಸದ ಪಾಯಿಂಟ್ ಮುಟ್ಟಿತು ಅನ್ನಲು ನಾಲಿಗೆ ತಡೆಯುತ್ತದೆ.

ತೆರಿಗೆ ಲೆಕ್ಕದ ವಹಿಗಳಲ್ಲಿ ಇವತ್ತಿಗೂ ಬೇಡಿಕೆ, ವಸೂಲಿ, ಬಾಕಿ ಅಂತ ಮೂರು ಕಲಂ ಇರುತ್ತವೆ. ಬರಬೇಕಾದ್ದು ಎಷ್ಟು, ಬಂದದ್ದು ಎಷ್ಟು, ಉಳಿದದ್ದು ಎಷ್ಟು. "ಮುಂದಿನ ತಿಂಗಳು ಕೊಡ್ತೀನಿ" ಅಂದ ಮಾತ್ರಕ್ಕೆ ಯಾವ ಗುಮಾಸ್ತನೂ ವಸೂಲಿ ಕಲಮಿನಲ್ಲಿ ಬರೆಯುವುದಿಲ್ಲ. ಅದು ಬಾಕಿಯಲ್ಲೇ ಇರುತ್ತದೆ. ಕಾರ್ಡಿನ ಲೆಕ್ಕಕ್ಕೂ ಇದೇ ಮೂರು ಕಲಂ ಸಾಕು. ನೀವು ಕಟ್ಟಿದ ಫೀ ಬೇಡಿಕೆ. ನಿಮಗೆ ಮುಟ್ಟಿದ್ದು ವಸೂಲಿ. ಆ್ಯಪಿನಲ್ಲಿ ಕಾಣುವ ಮಿಕ್ಕಿದ್ದೆಲ್ಲ ಬಾಕಿ.

ಪದ ಎಲ್ಲಿ ಸಡಿಲವಾಯಿತು ಅಂತಲೂ ಹೇಳಿಬಿಡುತ್ತೇನೆ. ಸಿನಿಮಾ ನೋಡಿ ಹೊರಗೆ ಬಂದವರು ಪೈಸಾ ವಸೂಲ್ ಅನ್ನುತ್ತಾರೆ. ಅಲ್ಲಿ ಅದು ಸರಿಯಾಗೇ ಇದೆ. ಟಿಕೆಟ್ಟಿಗೆ ಕೊಟ್ಟ ದುಡ್ಡಿಗೆ ತಕ್ಕ ಸಂತೋಷ ಮೂರು ಗಂಟೆಯಲ್ಲಿ ಮುಟ್ಟಿ ಮುಗಿದಿದೆ. ಅದೇ ಮಾತನ್ನು ಕಾರ್ಡಿಗೆ ತಂದಾಗ ಎಡವಟ್ಟು ಶುರು. ಅಲ್ಲಿ ಫೀ ಇವತ್ತೇ ಹೋಗುತ್ತದೆ, ಬರಬೇಕಾದ್ದು ವರ್ಷವಿಡೀ ಚೂರುಚೂರಾಗಿ ಬರಬೇಕು. ಬರದೆಯೂ ಹೋಗಬಹುದು.

ಫೀ ಇಲ್ಲದ ಕಾರ್ಡಿನಲ್ಲಿ ಈ ಪ್ರಶ್ನೆ ಏಳುವುದಿಲ್ಲ. ತುಂಬ ದುಬಾರಿ ಕಾರ್ಡ್ ತೆಗೆದುಕೊಳ್ಳುವವರು ಸಾಮಾನ್ಯವಾಗಿ ಕೂತು ಲೆಕ್ಕ ಹಾಕುತ್ತಾರೆ, ಫೀ ಅಷ್ಟು ಚುಚ್ಚುತ್ತದೆ. ನಡುವಿನ ದರ್ಜೆಯ ಕಾರ್ಡ್‌ಗಳದ್ದೇ ಸಮಸ್ಯೆ. ಫೀ ನೋವಾಗುವಷ್ಟು ಜಾಸ್ತಿ ಇಲ್ಲ, ಮರೆಯುವಷ್ಟು ಕಮ್ಮಿಯೂ ಇಲ್ಲ. ಅದಕ್ಕೇ ಇಲ್ಲಿ ಲೆಕ್ಕದ ಬದಲು ಸುಮ್ನೆ "ವಸೂಲ್" ಅನ್ನುವ ಮಾತು ಓಡಾಡುತ್ತದೆ.

ಈಗ ಎಲ್ಲರೂ ಮಾಡುವ ಒಂದು ದೊಡ್ಡ ತಪ್ಪಿಗೆ ಬರೋಣ. ಫೀ 100 ಅಂದುಕೊಳ್ಳಿ. ಕಾರ್ಡ್ ಖರ್ಚಿನ ಮೇಲೆ ಶೇಕಡಾ 2 ವಾಪಸ್ ಕೊಡುತ್ತದೆ ಅಂದುಕೊಳ್ಳಿ. ವರ್ಷಕ್ಕೆ 5,000 ಖರ್ಚು ಮಾಡಿದರೆ 100 ವಾಪಸ್ ಬಂತು, ಫೀ ವಸೂಲಾಯ್ತು ಅನ್ನುತ್ತಾರೆ. ಆಗಿಲ್ಲ. ಫೀ ಇಲ್ಲದ ಸಾಧಾರಣ ಕಾರ್ಡ್ ಶೇಕಡಾ 1 ಕೊಡುತ್ತಿದ್ದರೆ, ಅದೇ ಖರ್ಚಿಗೆ 50 ಹೇಗಿದ್ದರೂ ಸಿಗುತ್ತಿತ್ತು. ಫೀ ಕೊಟ್ಟು ನೀವು ಹೆಚ್ಚಾಗಿ ಪಡೆದದ್ದು ಬರೀ 50. ಇನ್ನರ್ಧ ಬಾಕಿ ಇದೆ. ಫೀ ಪೂರ್ತಿ ವಸೂಲಾಗಬೇಕಾದರೆ 10,000 ಖರ್ಚಾಗಬೇಕು. ಅಂದರೆ ಫೀಯನ್ನು ಭಾಗಿಸಬೇಕಾದದ್ದು ಈ ಕಾರ್ಡಿನ ದರದಿಂದಲ್ಲ, ಎರಡು ಕಾರ್ಡ್‌ಗಳ ದರದ ನಡುವಿನ ವ್ಯತ್ಯಾಸದಿಂದ.

ಅದೂ ಎಲ್ಲ ಖರ್ಚಿಗೂ ಶೇಕಡಾ 2 ಸಿಕ್ಕರೆ ಮಾತ್ರ. ಹಾಗೆ ಸಿಗುವುದು ಅಪರೂಪ. ಇಂಥಿಂಥ ಬಗೆಯ ಖರ್ಚಿಗೆ ಮಾತ್ರ ಹೆಚ್ಚಿನ ದರ, ಇಂಥದ್ದಕ್ಕೆ ಸಾಧಾರಣ ದರ, ಇನ್ನು ಕೆಲವಕ್ಕೆ ಏನೂ ಇಲ್ಲ ಅಂತ ಷರತ್ತುಗಳಲ್ಲಿ ಬರೆದಿರುತ್ತದೆ. ಇಂಧನ, ಬಾಡಿಗೆ, ತೆರಿಗೆ, ಮೊಬೈಲ್ ವಾಲೆಟ್‌ಗೆ ಹಾಕುವ ದುಡ್ಡು ಹಲವು ಕಾರ್ಡ್‌ಗಳಲ್ಲಿ ಈ ಕೊನೆಯ ಗುಂಪಿಗೆ ಸೇರುತ್ತವೆ. ನಿಮ್ಮ ಅರ್ಧ ಖರ್ಚಿಗೆ ಶೇಕಡಾ 2, ಮಿಕ್ಕರ್ಧಕ್ಕೆ ಎರಡೂ ಕಾರ್ಡಿನಲ್ಲಿ ಶೇಕಡಾ 1 ಅಂತಾದರೆ, ಅದೇ 100 ಫೀ ವಸೂಲಾಗಲು 20,000 ಖರ್ಚು ಬೇಕು. ಐದು ಸಾವಿರದಿಂದ ಶುರುವಾದದ್ದು ಎಲ್ಲಿಗೆ ಬಂತು ನೋಡಿ. ತಿಂಗಳಿಗೆ ಇಷ್ಟೇ ಪಾಯಿಂಟ್ ಅಂತ ಮಿತಿ ಇದ್ದರೆ ಇನ್ನೂ ಮೇಲೆ ಹೋಗುತ್ತದೆ. ಫೀ ಮೇಲೆ ತೆರಿಗೆ ಇದ್ದರೆ ಅದನ್ನೂ ಫೀಗೆ ಕೂಡಿಸಿಯೇ ಲೆಕ್ಕ ಶುರು ಮಾಡಬೇಕು.

ಫೀ ಇಲ್ಲದ ಕಾರ್ಡಿಗೆ ಯಾಕೆ ಹೋಲಿಸಬೇಕು ಅಂತ ಕೆಲವರು ವಾದ ಮಾಡುತ್ತಾರೆ. ಮೊದಲು ಇಂಥ ಹೋಲಿಕೆಗೆ ದಾರಿ ಇರಲಿಲ್ಲ, ನಿಜ. 1950ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಡೈನರ್ಸ್ ಕ್ಲಬ್ ಅನ್ನುವ ಕಾರ್ಡಿನ ಸದಸ್ಯರು ವರ್ಷ ವರ್ಷ ಫೀ ಕಟ್ಟುತ್ತಿದ್ದರು. ಜೇಬಿನಲ್ಲಿ ಕಾಸಿಲ್ಲದೆ ಊಟ ಮಾಡಿ, ಆಮೇಲೆ ಒಟ್ಟಿಗೆ ಕಟ್ಟುವ ಅನುಕೂಲಕ್ಕೆ ಆ ಫೀ. ವಸೂಲಿಯ ಪ್ರಶ್ನೆಯೇ ಇರಲಿಲ್ಲ, ಅನುಕೂಲ ಕೊಂಡುಕೊಂಡರು ಅಷ್ಟೇ. 1986ರಲ್ಲಿ ಅಮೆರಿಕದ ಉದ್ದಗಲಕ್ಕೂ ಬಂದ ಡಿಸ್ಕವರ್ ಕಾರ್ಡ್ ವಾರ್ಷಿಕ ಫೀ ಇಲ್ಲ ಅಂದಿತು, ಮೇಲೆ ಖರ್ಚಿನಲ್ಲಿ ಸ್ವಲ್ಪ ವಾಪಸ್ ಕೊಡುತ್ತೇನೆ ಅಂದಿತು. ಅಲ್ಲಿಂದ ಅಳತೆಗೋಲು ಬದಲಾಯಿತು. ಬರೀ ಕಾರ್ಡಿನ ಅನುಕೂಲ ಫೀ ಇಲ್ಲದೆಯೂ ಸಿಗುವಾಗ, ಫೀ ಕೇಳುವ ಕಾರ್ಡ್ ಅದಕ್ಕಿಂತ ಎಷ್ಟು ಜಾಸ್ತಿ ಕೊಡುತ್ತದೆ ಅಂತಲೇ ನೋಡಬೇಕು.

ಪಾಯಿಂಟ್ ವಿಷಯಕ್ಕೆ ಬಂದರೆ, ಬ್ಯಾಂಕಿನ ಲೆಕ್ಕಪುಸ್ತಕವೇ ನನ್ನ ಪರವಾಗಿದೆ. ನೀವು ಇನ್ನೂ ಬಳಸದ ಪಾಯಿಂಟ್‌ಗಳನ್ನು ಬ್ಯಾಂಕು ಮುಂದೆ ಕೊಡಬೇಕಾದ ಹೊರೆ ಅಂತ ಬರೆದುಕೊಳ್ಳುತ್ತದೆ. ಕೊಟ್ಟಾಯಿತು ಅಂತ ಬರೆಯುವುದಿಲ್ಲ. ಕೊಡುವವರೇ ಇನ್ನೂ ಕೊಟ್ಟಿಲ್ಲ ಅನ್ನುವಾಗ ನಾವು ವಸೂಲಾಯ್ತು ಅನ್ನುವುದು ಹೇಗೆ? ಎಷ್ಟು ಪಾಯಿಂಟ್ ಯಾರೂ ಬಳಸದೆ ಹಾಗೇ ಸತ್ತುಹೋಗುತ್ತವೆ ಅಂತ ಅವರು ಮೊದಲೇ ಅಂದಾಜು ಮಾಡಿರುತ್ತಾರೆ. ಅದಕ್ಕೆ ಆ ವ್ಯವಹಾರದಲ್ಲಿ ಬ್ರೇಕೇಜ್ ಅನ್ನುವ ಹೆಸರೇ ಇದೆ. ಒಂದು ಪಾಯಿಂಟಿನ ಬೆಲೆಯೂ ಎಲ್ಲ ಕಡೆ ಒಂದೇ ಅಲ್ಲ. ವಿಮಾನದ ಟಿಕೆಟ್ಟಿಗೆ ಒಂದು, ಕ್ಯಾಟಲಾಗಿನ ಸಾಮಾನಿಗೆ ಒಂದು, ಬಿಲ್ಲಿಗೆ ಜಮೆ ಮಾಡಿಸಿಕೊಂಡರೆ ಇನ್ನೊಂದು. ಜನ ಲೆಕ್ಕ ಹಾಕುವಾಗ ಅತಿ ಹೆಚ್ಚಿನ ಬೆಲೆ ಹಿಡಿಯುತ್ತಾರೆ, ಬಳಸುವಾಗ ಅತಿ ಸುಲಭದ ದಾರಿ ಹಿಡಿಯುತ್ತಾರೆ. ನೀವು ಹೋದ ಸಲ ನಿಜವಾಗಿ ಬಳಸಿದ ದಾರಿಯ ಬೆಲೆಯನ್ನೇ ಹಿಡಿಯಿರಿ.

ವೋಚರ್ ಮೇಲೆ ಅಚ್ಚಾದ ಮೊತ್ತ ವಸೂಲಿಯ ಮೊತ್ತ ಅಲ್ಲ. ಆ ವಸ್ತುವನ್ನು ನೀವು ಹೇಗಿದ್ದರೂ ಸ್ವಂತ ದುಡ್ಡಿನಲ್ಲಿ ಕೊಳ್ಳುತ್ತಿದ್ದರೆ ಪೂರ್ತಿ ಬರೆದುಕೊಳ್ಳಿ. ವೋಚರ್ ಇದೆ ಅಂತಲೇ ಹೋಗಿ, 100ರ ವೋಚರಿಗೆ 250 ಬಿಲ್ ಮಾಡಿ ಬಂದರೆ, ನಿಮ್ಮ ಕೈಯಿಂದ 150 ಹೊರಗೆ ಹೋಗಿದೆ. ಹೊರಗೆ ಹೋದದ್ದನ್ನು ಬಂದು ಸೇರಿತು ಅನ್ನಬೇಡಿ.

ಲೌಂಜ್‌ಗೂ ಇದೇ ಪ್ರಶ್ನೆ. ಕಾರ್ಡ್ ಇಲ್ಲದಿದ್ದರೆ ಬಾಗಿಲಲ್ಲಿ ದುಡ್ಡು ಕೊಟ್ಟು ಒಳಗೆ ಹೋಗುತ್ತಿದ್ದಿರಾ? ಹೆಚ್ಚಿನವರು ಇಲ್ಲ ಅನ್ನುತ್ತಾರೆ. ಹಾಗಿದ್ದರೆ ಬಾಗಿಲಿನ ದರವನ್ನು ವಸೂಲಿಗೆ ಬರೆಯುವ ಹಾಗಿಲ್ಲ. ಹೊರಗೆ ಕೂತು ತಿಂಡಿಗೆ ಎಷ್ಟು ಕೊಡುತ್ತಿದ್ದಿರೋ ಅಷ್ಟು ಬರೆಯಿರಿ. ಲೌಂಜಿನಲ್ಲಿ ಕಾಲು ಚಾಚಿ ಕೂರುವ ಖುಷಿಗೆ ಬೆಲೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆ ಖುಷಿಗೋಸ್ಕರ ಫೀ ಕಟ್ಟುವುದು ಖಂಡಿತ ತಪ್ಪಲ್ಲ. ಆಗ ಅದನ್ನು ಖರ್ಚು ಅಂತ ಕರೆಯಿರಿ. ಖರ್ಚು ಒಳ್ಳೆಯ ಪದವೇ.

ಇನ್ನೊಂದು ಗೊಂದಲ ಮನ್ನಾದ್ದು. ವರ್ಷಕ್ಕೆ 10,000 ಖರ್ಚು ಮಾಡಿದರೆ ಫೀ ಮನ್ನಾ ಅಂತ ಇರುತ್ತದೆ. ಮನ್ನಾ ಆದರೆ ಬೇಡಿಕೆಯ ಕಲಮನ್ನೇ ಹೊಡೆದುಹಾಕಿದ ಹಾಗೆ. ವಸೂಲಿಯ ಮಾತು ಅಲ್ಲಿ ಬರುವುದೇ ಇಲ್ಲ. ನಿಮ್ಮ ಮಾಮೂಲಿ ಖರ್ಚು ತಾನಾಗಿ ಆ ಗೆರೆ ದಾಟುತ್ತಿದ್ದರೆ ಆ ಕಾರ್ಡ್ ನಿಮಗೆ ಫೀ ಇಲ್ಲದ ಕಾರ್ಡೇ, ನಿಶ್ಚಿಂತೆಯಿಂದ ಇಟ್ಟುಕೊಳ್ಳಿ. ಆದರೆ 8,000ಕ್ಕೆ ನಿಲ್ಲುತ್ತಿದ್ದವರು ಕೊನೆಯ ತಿಂಗಳಲ್ಲಿ ಬೇಡದ 2,000ದ ಸಾಮಾನು ತಂದು "100 ಉಳಿಸಿದೆ" ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೇಸರವಾಗುತ್ತದೆ.

ಬಿಲ್ ಪೂರ್ತಿ ಕಟ್ಟದೆ ಮುಂದಿನ ತಿಂಗಳಿಗೆ ತಳ್ಳುವವರಿಗೆ ಈ ಯಾವ ಲೆಕ್ಕವೂ ಬೇಡ. ತಿಂಗಳಿಗೆ ಶೇಕಡಾ 3 ಬಡ್ಡಿ ಅಂದುಕೊಂಡರೂ, 5,000 ಒಂದೇ ತಿಂಗಳು ಉಳಿದರೆ 150 ಹೋಯಿತು. ಅದು ಫೀಗಿಂತ ಜಾಸ್ತಿ. ಅಲ್ಲಿ ವಸೂಲಿ ನಡೆಯುತ್ತಿರುವುದು ಬ್ಯಾಂಕಿನ ಕಡೆಗೆ.

ಮೊದಲ ವರ್ಷದ ಸ್ವಾಗತದ ಬೋನಸ್ ಒಂದೇ ಸಲ ಬರುವಂಥದ್ದು. ಎರಡನೇ ವರ್ಷದ ಲೆಕ್ಕಕ್ಕೆ ಅದನ್ನು ಎಳೆದು ತರಬೇಡಿ. ಕಾರ್ಡ್ ನವೀಕರಣ ಆಗುವ ಒಂದು ತಿಂಗಳ ಮೊದಲು ಕಳೆದ 12 ತಿಂಗಳ ಸ್ಟೇಟ್‌ಮೆಂಟ್ ತೆರೆದು, ಮುಟ್ಟಿದ್ದನ್ನು ಮಾತ್ರ ಒಂದು ಹಾಳೆಯಲ್ಲಿ ಕೂಡಿಸಿ. ಫೀ ಇಲ್ಲದ ಕಾರ್ಡ್ ಅಷ್ಟೇ ಖರ್ಚಿಗೆ ಎಷ್ಟು ಕೊಡುತ್ತಿತ್ತೋ ಅದನ್ನು ಕಳೆಯಿರಿ. ಉಳಿದದ್ದು ಫೀಗಿಂತ ಕಮ್ಮಿ ಇದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಫೀ ಬಿಡುತ್ತೀರಾ ಅಂತ ಕೇಳಿ. ಎಷ್ಟೋ ಸಲ ಬಿಡುತ್ತಾರೆ. ಬಿಡದಿದ್ದರೆ ಅದೇ ಬ್ಯಾಂಕಿನ ಫೀ ಇಲ್ಲದ ಕಾರ್ಡಿಗೆ ಬದಲಾಯಿಸಿಕೊಡಿ ಅನ್ನಿ. ಅದೂ ಆಗದೆ ಕಾರ್ಡ್ ಮುಚ್ಚಿಸುವುದಾದರೆ, ಅದಕ್ಕೆ ಮೊದಲು ಪಾಯಿಂಟ್‌ಗಳನ್ನು ಬಳಸಿ ಮುಗಿಸಿ. ಕಾರ್ಡ್ ಮುಚ್ಚಿದ ಮೇಲೆ ಸಾಮಾನ್ಯವಾಗಿ ಅವು ಸಿಗುವುದಿಲ್ಲ.