ಜಪಾನಿನ ಕಲೆ ಅರಿಯಲು ಯಾವ ಜಾಲತಾಣ? ಋಷ್ಯಶೃಂಗನನ್ನು ಹಿಂಬಾಲಿಸಿ ನೋಡಿ

ಪ್ರಶ್ನೆ: ಜಪಾನಿನ ಚಿತ್ರ, ನಾಟಕ, ಕರಕುಶಲ ಕಲೆಗಳ ಬಗ್ಗೆ ತುಂಬ ಕುತೂಹಲವಿದೆ ಸರ್. ಜಪಾನಿ ಭಾಷೆ ಬರುವುದಿಲ್ಲ, ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ. ದುಡ್ಡು ಕೊಡದೆ ಮನೆಯಲ್ಲೇ ಕೂತು ತಿಳಿದುಕೊಳ್ಳಲು ನಂಬುವಂಥ ಜಾಲತಾಣ ಯಾವುದಿದೆ? ಎಲ್ಲಿಂದ ಶುರು ಮಾಡಲಿ?

ಉತ್ತರ: ಇಪ್ಪತ್ತು ತಾಣಗಳ ಹೆಸರು ಬರೆದುಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಅಂಥ ಪಟ್ಟಿಗಳು ನನ್ನ ಫೋನಿನಲ್ಲೇ ನಾಲ್ಕಾರು ಬಿದ್ದಿವೆ, ಒಂದನ್ನೂ ಎರಡನೇ ಸಲ ತೆರೆದು ನೋಡಿಲ್ಲ. ದೊಡ್ಡ ವಸ್ತುಸಂಗ್ರಹಾಲಯದ ತಾಣ ಅಂದರೆ ಅದೊಂದು ಉಗ್ರಾಣ. ಏನು ಬೇಕೆಂದು ಗೊತ್ತಿಲ್ಲದೆ ಒಳಹೊಕ್ಕರೆ ಐದು ನಿಮಿಷಕ್ಕೆ ಆಕಳಿಕೆ ಶುರು. ಕೈಯಲ್ಲಿ ಒಂದು ಕಥೆಯೋ ಒಂದು ಚಿತ್ರವೋ ಇದ್ದರೆ ಮಾತ್ರ ಅದೇ ನಿಮ್ಮನ್ನು ಒಂದು ಬಾಗಿಲಿಂದ ಇನ್ನೊಂದಕ್ಕೆ ಕರೆದೊಯ್ಯುತ್ತದೆ. ಅದಕ್ಕೇ ನಿಮಗೊಂದು ಕಥೆ ಕೊಡುತ್ತೇನೆ. ಅರ್ಧ ಕಥೆ ನಿಮಗೆ ಆಗಲೇ ಗೊತ್ತು.

ಶೃಂಗೇರಿಯ ಹತ್ತಿರ ಕಿಗ್ಗಕ್ಕೆ ಹೋಗಿದ್ದೀರಲ್ಲ? ಅಲ್ಲಿನ ಋಷ್ಯಶೃಂಗೇಶ್ವರನಿಗೆ ಮಳೆಗಾಗಿ ಪೂಜೆ ಮಾಡಿಸುತ್ತಾರೆ. ಮಹಾಭಾರತದ ವನಪರ್ವದಲ್ಲಿ ಬರುವ ಈ ಋಷಿ ಹೆಣ್ಣನ್ನೇ ಕಾಣದೆ ಕಾಡಿನಲ್ಲಿ ಬೆಳೆದವನು. ಅಂಗದೇಶದಲ್ಲಿ ಮಳೆ ಹೋದಾಗ ವೇಶ್ಯೆಯೊಬ್ಬಳು ಅವನನ್ನು ಮರುಳು ಮಾಡಿ ಕರೆತಂದಳು, ಅವನ ಕಾಲು ನೆಲಕ್ಕೆ ತಾಗಿದ್ದೇ ತಡ ಮಳೆ ಸುರಿಯಿತು. ಈ ಕಥೆ ಬೌದ್ಧರ ಬಾಯಲ್ಲಿ ಚೀನಾ ದಾಟಿ ಜಪಾನಿಗೆ ಹೋಯಿತು. ಅಲ್ಲಿನ ಕೊಂಜಕು ಮೊನೊಗತರಿ ಎಂಬ ಹಳೆಯ ಕಥಾಸಂಗ್ರಹದ ಮೊದಲ ಐದು ಸಂಪುಟಗಳು ಪೂರ್ತಿ ‘ತೆಂಜಿಕು’ವಿನ ಕಥೆಗಳು. ತೆಂಜಿಕು ಅಂದರೆ ಭಾರತಕ್ಕೆ ಅವರ ಹಳೆಯ ಹೆಸರು. ನಮ್ಮ ಋಷಿ ಅಲ್ಲಿ ‘ಇಕ್ಕಕು ಸೆನ್‌ನಿನ್’, ಅಂದರೆ ಒಂದು ಕೊಂಬಿನ ತಪಸ್ವಿ. ಮಳೆಯಲ್ಲಿ ಕಾಲು ಜಾರಿ ಬಿದ್ದ ಸಿಟ್ಟಿಗೆ ಮಳೆ ತರಿಸುವ ನಾಗಗಳನ್ನೇ ಹಿಡಿದು ಕೂಡಿಹಾಕಿದವನು. ಆಮೇಲೆ ಇದೇ ಹೆಸರಿನಲ್ಲಿ ಅವನು ಮುಖವಾಡ ಧರಿಸಿ ಆಡುವ ಹಳೆಯ ‘ನೋ’ ನಾಟಕದ ರಂಗಕ್ಕೆ ಬಂದ, ಅಲ್ಲಿಂದ ಅಬ್ಬರದ ವೇಷದ ಕಬುಕಿ ನಾಟಕಕ್ಕೆ. ಕಬುಕಿಯಲ್ಲಿ ಅವನ ಹೆಸರು ನರುಕಮಿ, ಗುಡುಗು ಅಂತ ಅರ್ಥ.

ಕಬುಕಿಯ ಕಥೆ ಹೀಗಿದೆ: ಆಸ್ಥಾನದವರು ಕೊಟ್ಟ ಮಾತಿಗೆ ತಪ್ಪಿದರೆಂದು ಸಿಟ್ಟಾದ ನರುಕಮಿ ಮಳೆಯ ನಾಗದೇವತೆಗಳನ್ನು ಜಲಪಾತದ ಮಡುವಿನಲ್ಲಿ ಬಂಧಿಸಿ, ಅಡ್ಡಕ್ಕೆ ಮಂತ್ರದ ಹಗ್ಗ ಕಟ್ಟಿ ಕೂತಿದ್ದಾನೆ. ರಾಜ್ಯವೆಲ್ಲ ಒಣಗಿದೆ. ಆಗ ಆಸ್ಥಾನ ಕಳಿಸುವ ಸುಂದರಿಯ ಹೆಸರು ಕುಮೊ ನೊ ತಎಮ, ಮೋಡಗಳ ನಡುವಿನ ಸಂದಿ ಅಂತ ಅದರ ಅರ್ಥ. ಅವಳು ಹೊಟ್ಟೆನೋವೆಂದು ನಟಿಸುತ್ತಾಳೆ, ಅವನು ಉಪಚಾರಕ್ಕೆಂದು ಕೈ ಚಾಚುತ್ತಾನೆ, ಅಲ್ಲಿಗೆ ಮುಗಿಯಿತು. ‘ಸಾಕೆ’ ಎಂಬ ಅಕ್ಕಿಯ ಮದ್ಯ ಕುಡಿಸಿ ಮಲಗಿಸಿ, ಬಂಡೆ ಹತ್ತಿ ಹಗ್ಗ ಕತ್ತರಿಸುತ್ತಾಳೆ. ನಾಗ ಮೇಲೇಳುತ್ತದೆ, ಮಳೆ ಧೋ ಎನ್ನುತ್ತದೆ. ಎಚ್ಚೆತ್ತ ಋಷಿಯ ಬಿಳಿ ಬಟ್ಟೆ ರಂಗದ ಮೇಲೇ ಸರ್ರನೆ ಕಳಚಿ ಮಗುಚಿಕೊಂಡು ಬೆಂಕಿನಾಲಗೆಯ ಚಿತ್ತಾರವಾಗುತ್ತದೆ. ಈ ತಂತ್ರಕ್ಕೆ ಬುಕ್ಕಎರಿ ಅನ್ನುತ್ತಾರೆ. ಈಗ ಆಡುವ ರೂಪದ ಬೇರು 1742ರಲ್ಲಿ ಒಸಾಕಾದಲ್ಲಿ ಆಡಿದ ಒಂದು ದೊಡ್ಡ ನಾಟಕದಲ್ಲಿದೆ.

ಇನ್ನು ತಾಣಗಳಿಗೆ ಬರೋಣ. ಮೊದಲು ಒಂದು ಕಿವಿಮಾತು, ಈ ಉತ್ತರದಲ್ಲಿ ಇದೊಂದನ್ನೇ ನೆನಪಿಟ್ಟುಕೊಂಡರೂ ಸಾಕು: ಹುಡುಕುವಾಗ ಹೆಸರನ್ನು ಜಪಾನಿ ಲಿಪಿಯಲ್ಲೇ ಹಾಕಿ. ಭಾಷೆ ಬರಬೇಕಿಲ್ಲ. ವಿಕಿಪೀಡಿಯದ ಇಂಗ್ಲಿಷ್ ಲೇಖನದ ಮೊದಲ ಸಾಲಿನಲ್ಲೇ ಆವರಣದೊಳಗೆ ಜಪಾನಿ ಅಕ್ಷರಗಳಿರುತ್ತವೆ. ಅದನ್ನು ಕಾಪಿ ಮಾಡಿ ಹುಡುಕುವ ಪೆಟ್ಟಿಗೆಗೆ ಅಂಟಿಸಿ. ಇಂಗ್ಲಿಷಿನಲ್ಲಿ ಹುಡುಕಿ ಏನೂ ಸಿಗಲಿಲ್ಲವೆಂದು ಮುಚ್ಚಿಟ್ಟಿದ್ದ ತಾಣವೊಂದನ್ನು ಹೀಗೆ ಮತ್ತೆ ತೆರೆದಾಗ ಪುಟದ ಮೇಲೆ ಪುಟ ಚಿತ್ರಗಳು ಬಂದವು, ಆ ಸಂಜೆ ಅಡುಗೆ ಮಾಡಲೇ ಇಲ್ಲ.

ನಾಟಕಕ್ಕೆ ಮೊದಲ ಬಾಗಿಲು ಜಪಾನ್ ಆರ್ಟ್ಸ್ ಕೌನ್ಸಿಲ್‌ನ ಸಾಂಸ್ಕೃತಿಕ ಡಿಜಿಟಲ್ ಲೈಬ್ರರಿ. ಅದರಲ್ಲಿ ಕಬುಕಿ, ಬುನ್‌ರಕು ಎಂಬ ಗೊಂಬೆಯಾಟ, ನೋ ಮೂರಕ್ಕೂ ಇಂಗ್ಲಿಷಿನಲ್ಲಿ ಪರಿಚಯ ಪುಟಗಳಿವೆ: ರಂಗಸ್ಥಳ, ಮುಖವರ್ಣಿಕೆ, ವಾದ್ಯ, ವೇಷ ಎಲ್ಲವೂ ಚಿತ್ರಸಹಿತ. ಯಕ್ಷಗಾನ ನೋಡಿ ಬೆಳೆದವರಿಗೆ ಇಲ್ಲಿ ಹೆಜ್ಜೆಹೆಜ್ಜೆಗೂ ‘ಅರೆ, ಇದು ನಮ್ಮದೇ ಅಲ್ಲವೇ’ ಅನ್ನಿಸುತ್ತದೆ. ಗಂಡಸರೇ ಕಟ್ಟುವ ಸ್ತ್ರೀವೇಷಕ್ಕೆ ಅವರು ಒನ್ನಗತ ಅನ್ನುತ್ತಾರೆ. ಬುನ್‌ರಕುವಿನಲ್ಲಿ ಒಂದೇ ಗೊಂಬೆಯನ್ನು ಮೂವರು ಸೇರಿ ಆಡಿಸುತ್ತಾರೆ, ಪಕ್ಕದಲ್ಲಿ ಕೂತವನೊಬ್ಬ ಶಮಿಸೆನ್ ವಾದ್ಯದ ಜೊತೆ ಎಲ್ಲ ಪಾತ್ರಗಳ ಮಾತನ್ನೂ ತಾನೇ ಆಡುತ್ತಾನೆ. ಆದರೆ ಹೋಲಿಕೆಯ ಗುಂಗಿನಲ್ಲಿ ಎಲ್ಲವೂ ಒಂದೇ ಅಂದುಕೊಳ್ಳಬೇಡಿ. ಕಬುಕಿಯಲ್ಲಿ ಪ್ರೇಕ್ಷಕರ ನಡುವೆಯೇ ಹಾದುಹೋಗುವ ಹನಮಿಚಿ ಎಂಬ ಕಾಲುದಾರಿ ಇದೆ. ಕೋಪಗೊಂಡ ನರುಕಮಿ ಕುಪ್ಪಳಿಸುತ್ತ ನಿರ್ಗಮಿಸುವುದು ಅದರ ಮೇಲೆಯೇ, ನಮ್ಮ ರಂಗಸ್ಥಳದಲ್ಲಿ ಅದಕ್ಕೆ ಸಮನಾದದ್ದು ಇಲ್ಲ. ಟೋಕಿಯೊದ ರಾಷ್ಟ್ರೀಯ ರಂಗಮಂದಿರ ಮರುನಿರ್ಮಾಣಕ್ಕೆಂದು 2023ರ ಅಕ್ಟೋಬರ್ ಕೊನೆಯಲ್ಲಿ ಬಾಗಿಲು ಹಾಕಿತು, ಹಾಗಾಗಿ ಈ ಪುಟಗಳ ಬೆಲೆ ಇನ್ನಷ್ಟು ಹೆಚ್ಚಿದೆ. ಒಂದೊಂದು ನಾಟಕದ ಕಥೆ ಬೇಕಾದರೆ ಅಭಿಮಾನಿಯೊಬ್ಬರು ಕಟ್ಟಿದ ‘ಕಬುಕಿ 21’ ನೋಡಿ. ಕಣ್ಣಿಗೆ ಅಂದವಿಲ್ಲ, ಮಾಹಿತಿ ಗಟ್ಟಿಯಾಗಿದೆ. ನೋ ನಾಟಕಗಳಿಗೆ ‘ದಿ-ನೋ ಡಾಟ್ ಕಾಮ್’ ಇದೆ, ಅದರಲ್ಲಿ ಹಲವು ನಾಟಕಗಳ ಪೂರ್ಣ ಪಠ್ಯ ಜಪಾನಿಯಲ್ಲೂ ಇಂಗ್ಲಿಷಿನಲ್ಲೂ ಅಕ್ಕಪಕ್ಕ ಸಿಗುತ್ತದೆ. ಓದುವುದು ಬೇಡ, ನೋಡಬೇಕು ಅನ್ನುವವರಿಗೆ ಜಪಾನ್ ಫೌಂಡೇಶನ್ 2021ರಿಂದ ‘ಸ್ಟೇಜ್ ಬಿಯಾಂಡ್ ಬಾರ್ಡರ್ಸ್’ ಹೆಸರಿನಲ್ಲಿ ರಂಗಪ್ರದರ್ಶನಗಳನ್ನು ಅಡಿಬರಹದೊಂದಿಗೆ ಯೂಟ್ಯೂಬಿಗೆ ಹಾಕುತ್ತ ಬಂದಿದೆ.

ನಾಟಕದಿಂದ ಚಿತ್ರಕ್ಕೆ ಒಂದೇ ಹೆಜ್ಜೆ, ಏಕೆಂದರೆ ಹದಿನೇಳರಿಂದ ಹತ್ತೊಂಬತ್ತನೇ ಶತಮಾನದವರೆಗಿನ ಎದೋ ಕಾಲದಲ್ಲಿ ಕಬುಕಿ ನಟರ ಚಿತ್ರಗಳು ನಮ್ಮಲ್ಲಿ ಸಿನಿಮಾ ತಾರೆಯರ ಪೋಸ್ಟರ್ ಮಾರಿದಂತೆ ಮಾರಾಟವಾಗುತ್ತಿದ್ದವು. ಮರದ ಅಚ್ಚಿನಿಂದ ಮುದ್ರಿಸಿದ ಈ ಉಕಿಯೊ-ಎ ಚಿತ್ರಗಳಿಗೆ ನಾನು ಮೊದಲು ಹೋಗುವುದು ‘ಉಕಿಯೊ-ಎ ಡಾಟ್ ಆರ್ಗ್’ಗೆ. ಜಾಲತಾಣ ಕಟ್ಟುವವರು ಬಳಸುವ ಜೆಕ್ವೆರಿ ಎಂಬ ತಂತ್ರಾಂಶ ಬರೆದ ಪ್ರೋಗ್ರಾಮರ್ ಜಾನ್ ರೆಸಿಗ್ ಇದನ್ನು 2012ರಲ್ಲಿ ಕಟ್ಟಿದರು. ಬೇರೆಬೇರೆ ಸಂಗ್ರಹಾಲಯಗಳ ಎರಡು ಲಕ್ಷಕ್ಕೂ ಹೆಚ್ಚು ಚಿತ್ರಗಳು ಒಂದೇ ಕಡೆ ಸಿಗುತ್ತವೆ. ಇದರ ಮಜಾ ಏನೆಂದರೆ, ಚಿತ್ರದ ಫೋಟೊ ಕೊಟ್ಟರೂ ಹುಡುಕಿಕೊಡುತ್ತದೆ. ಕ್ಯಾಲೆಂಡರಿನಲ್ಲೋ ಹೋಟೆಲಿನ ಗೋಡೆಯಲ್ಲೋ ಕಂಡ, ಚಿತ್ರಕಾರ ಹೊಕುಸಾಯ್‌ನ ಹೆಸರಾಂತ ಅಲೆಯ ಚಿತ್ರದ ಫೋಟೊ ತೆಗೆದು ಹಾಕಿ. ಒಂದೇ ಚಿತ್ರದ ಹಲವು ಪ್ರತಿಗಳು ಸಾಲಾಗಿ ನಿಲ್ಲುತ್ತವೆ. ಆಗ ಎಡಮೂಲೆಯಲ್ಲಿ ಶೀರ್ಷಿಕೆ ಇರುವ ಚೌಕಟ್ಟಿನ ಗೆರೆಯನ್ನು ದೊಡ್ಡದು ಮಾಡಿ ನೋಡಿ. ಕೆಲವು ಪ್ರತಿಗಳಲ್ಲಿ ಗೆರೆ ಇಡಿಯಾಗಿದೆ, ಕೆಲವದರಲ್ಲಿ ಅಲ್ಲಲ್ಲಿ ತುಂಡಾಗಿದೆ. ಮುದ್ರಿಸಿ ಮುದ್ರಿಸಿ ಅಚ್ಚು ಸವೆದದ್ದಕ್ಕೆ ಅದೇ ಸಾಕ್ಷಿ. ಕಬುಕಿ ನಟರ ಚಿತ್ರಗಳೇ ಬೇಕಾದರೆ ವಸೆದಾ ವಿಶ್ವವಿದ್ಯಾಲಯದ ರಂಗಭೂಮಿ ಸಂಗ್ರಹಾಲಯದ ಡೇಟಾಬೇಸ್ ಇದೆ, ಕ್ಯೋಟೊದ ರಿತ್ಸುಮೈಕನ್ ವಿಶ್ವವಿದ್ಯಾಲಯದ್ದೂ ಇದೆ. ಅಂಟಿಸಿ ಹುಡುಕುವ ಉಪಾಯ ಇಲ್ಲಿ ಚೆನ್ನಾಗಿ ನಡೆಯುತ್ತದೆ.

ಈಗ ಗುಡುಗಿನ ದೇವರ ಕಡೆ ಹೋಗೋಣ. ‘ಕೋಲ್‌ಬೇಸ್’ ಎಂಬ ತಾಣದಲ್ಲಿ ಟೋಕಿಯೊ, ಕ್ಯೋಟೊ, ನಾರಾ, ಕ್ಯೂಶು ರಾಷ್ಟ್ರೀಯ ಸಂಗ್ರಹಾಲಯಗಳ ವಸ್ತುಗಳನ್ನು ಒಟ್ಟಿಗೆ ಹುಡುಕಬಹುದು. ಅವುಗಳಲ್ಲಿ ಆಯ್ದ ರಾಷ್ಟ್ರೀಯ ನಿಧಿಗಳನ್ನು ಇಂಗ್ಲಿಷ್ ವಿವರಣೆಯೊಂದಿಗೆ, ಕುಂಚದ ಗೆರೆ ಎಣಿಸುವಷ್ಟು ಹತ್ತಿರದಿಂದ ನೋಡಲು ‘ಇ-ಮ್ಯೂಸಿಯಂ’ ಇದೆ. ಒಗತ ಕೋರಿನ್ ಬರೆದ ಗಾಳಿ ಮತ್ತು ಗುಡುಗಿನ ದೇವರ ಮಡಚುವ ಪರದೆ ಹುಡುಕಿ. ಹೊಂಬಣ್ಣದ ಖಾಲಿ ಬಯಲು, ಒಂದು ಅಂಚಿನಲ್ಲಿ ಗಾಳಿಚೀಲ ಹೊತ್ತ ದೇವರು, ಇನ್ನೊಂದರಲ್ಲಿ ಬೆನ್ನ ಹಿಂದೆ ಡೋಲುಗಳ ಬಳೆ ಕಟ್ಟಿಕೊಂಡ ಗುಡುಗಿನ ದೇವರು. ಇದು ಕೋರಿನ್‌ನ ಸ್ವಂತ ಕಲ್ಪನೆಯೇನಲ್ಲ, ತವರಯ ಸೋತತ್ಸು ಮೊದಲೇ ಬರೆದಿದ್ದ ಪರದೆಯ ನಕಲು. ಮೂಲ ಕ್ಯೋಟೊದ ಕೆನ್‌ನಿನ್-ಜಿ ದೇವಾಲಯಕ್ಕೆ ಸೇರಿದ್ದು. ಕಥೆ ಇಲ್ಲಿಗೇ ನಿಲ್ಲಲಿಲ್ಲ. ನೂರು ವರ್ಷಗಳ ನಂತರ ಸಕಾಯ್ ಹೋಯಿತ್ಸು ಎಂಬ ಇನ್ನೊಬ್ಬ ಕಲಾವಿದ ಕೋರಿನ್‌ನ ಅದೇ ಪರದೆಯ ಬೆನ್ನಿಗೆ ಬೆಳ್ಳಿಹಾಳೆಯ ಮೇಲೆ ಹುಲ್ಲು ಬರೆದ. ಗುಡುಗಿನ ದೇವರ ಹಿಂಬದಿಗೆ ಮಳೆ ಹೊಡೆತಕ್ಕೆ ಬಾಗಿದ ಬೇಸಗೆಯ ಗಿಡಗಳು, ಗಾಳಿದೇವರ ಹಿಂಬದಿಗೆ ಗಾಳಿಗೆ ತೊನೆಯುವ ಶರತ್ಕಾಲದ ಬಳ್ಳಿಗಳು. ಮುಂದೆ ದೇವರು, ಹಿಂದೆ ಆ ದೇವರು ಮಾಡಿಹೋದ ಕೆಲಸ. ಕೆಡದಿರಲೆಂದು ಈಗ ಎರಡನ್ನೂ ಬೇರ್ಪಡಿಸಿ ಇಟ್ಟಿದ್ದಾರೆ. ಹಾಗಾಗಿ ನೀವು ಎರಡು ಟ್ಯಾಬ್ ತೆರೆದು ಅಕ್ಕಪಕ್ಕ ಇಟ್ಟುಕೊಳ್ಳಬೇಕು. ಅಷ್ಟು ಮಾಡಿ ಹತ್ತು ನಿಮಿಷ ಸುಮ್ಮನೆ ನೋಡಿ. ಕೋಲ್‌ಬೇಸಿನ ಚಿತ್ರಗಳನ್ನು ಎಲ್ಲಿಂದ ತೆಗೆದುಕೊಂಡಿರೆಂದು ಹೆಸರಿಸಿ ಡೌನ್‌ಲೋಡ್ ಮಾಡಿ ಬಳಸಲೂ ಅವಕಾಶವಿದೆ, ಶಾಲೆಯ ಮೇಷ್ಟ್ರುಗಳಿಗೆ ಇದು ಉಪಯೋಗವಾದೀತು.

ಮಿಂಚು ಇನ್ನೊಂದು ಕಡೆಯೂ ಇದೆ. ಬ್ರಿಟಿಷ್ ಮ್ಯೂಸಿಯಂ 2020ರಲ್ಲಿ ಹೊಕುಸಾಯ್‌ನ 103 ಸಣ್ಣ ರೇಖಾಚಿತ್ರಗಳನ್ನು ಕೊಂಡುಕೊಂಡು ಆನ್‌ಲೈನಿನಲ್ಲಿ ಇಟ್ಟಿತು. ‘ಎಲ್ಲದರ ಮಹಾ ಚಿತ್ರಪುಸ್ತಕ’ವೆಂಬ, ಎಂದೂ ಅಚ್ಚಾಗದ ಪುಸ್ತಕಕ್ಕೆಂದು ಬರೆದವು ಅವು. ಅಚ್ಚಾಗಿದ್ದರೆ ನಮಗೆ ಉಳಿಯುತ್ತಿರಲಿಲ್ಲ: ಮೂಲ ಹಾಳೆಯನ್ನೇ ಹಲಗೆಗೆ ಮಗುಚಿ ಅಂಟಿಸಿ ಅದರ ಮೇಲೇ ಕೊರೆಯುವುದು ಆಗಿನ ಪದ್ಧತಿ. ಅದರಲ್ಲಿ ಬುದ್ಧನ ಕಾಲದ ಭಾರತದ ಚಿತ್ರಗಳು ಹಲವಿವೆ. ಬುದ್ಧನ ಕುಲದವರಾದ ಶಾಕ್ಯರನ್ನು ಕೊಂದ ಕೋಸಲದ ರಾಜ ವಿರೂಢಕ ಸಿಡಿಲು ಬಡಿದು ಸಾಯುವ ಚಿತ್ರವನ್ನು ತಪ್ಪದೆ ನೋಡಿ. ಭಾರತವನ್ನು ಎಂದೂ ಕಾಣದ ಮುದುಕನೊಬ್ಬ ನಮ್ಮ ರಾಜನನ್ನು ಹೀಗೆ ಕಲ್ಪಿಸಿಕೊಂಡಿದ್ದಾನೆ.

ಪದ ಗೊತ್ತಾಗದೆ ಸಿಕ್ಕಿಬಿದ್ದರೆ ‘ಜಾನುಸ್’ ಎಂಬ ನಿಘಂಟಿಗೆ ಹೋಗಿ. ವಾಸ್ತು ಮತ್ತು ಕಲೆಯ ಸುಮಾರು 8,000 ಪಾರಿಭಾಷಿಕ ಪದಗಳಿಗೆ ಇಂಗ್ಲಿಷಿನಲ್ಲಿ ವಿವರಣೆ ಇದೆ. ಯಂತ್ರಾನುವಾದವನ್ನು ಮಾತ್ರ ಹೆಸರುಗಳ ವಿಷಯದಲ್ಲಿ ನಂಬಬೇಡಿ. ಚೀನಾದಿಂದ ಬಂದ ಒಂದೇ ಕಾಂಜಿ ಅಕ್ಷರಕ್ಕೆ ಹಲವು ಉಚ್ಚಾರಗಳಿರುವುದರಿಂದ ಮನುಷ್ಯರ ಹೆಸರು ಮೋಡದ ಸಂದಿಯಾಗಿಬಿಡುವುದು ಮಾಮೂಲು. ಹಳೆಯ ಚಿತ್ರಗಳ ಮೇಲಿನ ಕೂಡುಬರಹವನ್ನಂತೂ ಇಂದಿನ ಜಪಾನೀಯರಲ್ಲೇ ಹೆಚ್ಚಿನವರು ಓದಲಾರರು. ಅದಕ್ಕಾಗಿಯೇ 2021ರಲ್ಲಿ ‘ಮಿವೊ’ ಎಂಬ ಉಚಿತ ಆ್ಯಪ್ ಬಂದಿದೆ. ಫೋಟೊ ತೆಗೆದರೆ ಹಳೆಯ ಅಕ್ಷರಗಳ ಮೇಲೆ ಈಗಿನ ಅಕ್ಷರ ಕೂರಿಸಿ ತೋರಿಸುತ್ತದೆ.

ಭಾಷೆ ಬರುವುದಿಲ್ಲ ಅಂದಿರಿ. ಅಕ್ಷರಮಾಲೆಯನ್ನಾದರೂ ಕಲಿಯಿರಿ, ಕನ್ನಡದವರಿಗೆ ಅದು ಅರ್ಧ ಕಲಿತದ್ದೇ. ಹಿರಗಾನದ 46 ಅಕ್ಷರಗಳ ಸಾಲು ಹೇಗಿದೆ ನೋಡಿ: ಅ ಇ ಉ ಎ ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಸಂಸ್ಕೃತದ ಸಿದ್ಧಂ ಲಿಪಿ ಓದುತ್ತಿದ್ದ ಬೌದ್ಧ ಭಿಕ್ಷುಗಳಿಂದ ಬಂದ ಕ್ರಮ ಇದು. ‘ಹ’ ಸಾಲು ‘ಪ’ ಇರಬೇಕಾದ ಜಾಗದಲ್ಲಿ ಕೂತಿರುವುದು, ಹಿಂದೆ ಅದರ ಉಚ್ಚಾರ ‘ಪ’ ಆಗಿದ್ದುದರಿಂದ. ಹ್ರಸ್ವ ಎ, ಒ ನಮಗಿವೆ, ಹಿಂದಿಯವರಿಗಿಲ್ಲ. ಒಬಸನ್ ಅಂದರೆ ಅತ್ತೆ ಇಲ್ಲವೇ ಚಿಕ್ಕಮ್ಮ, ಒಬಾಸನ್ ಅಂದರೆ ಅಜ್ಜಿ. ಇಂಗ್ಲಿಷ್ ಅಕ್ಷರದಲ್ಲಿ ಕಲಿತವರು ಚಿಕ್ಕಮ್ಮನನ್ನು ಅಜ್ಜಿ ಮಾಡಿ ಬೈಸಿಕೊಳ್ಳುತ್ತಾರೆ, ನಿಮಗೆ ಆ ಭಯವಿಲ್ಲ. ಟಿಪ್ಪಣಿಯನ್ನು ಕನ್ನಡದಲ್ಲೇ ಬರೆದುಕೊಳ್ಳಿ. ಪಾಠಕ್ಕೆ ಜಪಾನ್ ಫೌಂಡೇಶನ್‌ನ ‘ಮಿನಾತೊ’ ತಾಣ, ಅವರದೇ ‘ಇರೊದೊರಿ’ ಪುಸ್ತಕ (ಪಿಡಿಎಫ್ ಮತ್ತು ಧ್ವನಿ ಎರಡೂ ಉಚಿತ) ಸಾಕು. ಜಪಾನಿನ ಎನ್‌ಎಚ್‌ಕೆ ವರ್ಲ್ಡ್ ವಾಹಿನಿಯ ಸುಲಭ ಜಪಾನಿ ಪಾಠ ಹಿಂದಿ, ಬಂಗಾಳಿಗಳಲ್ಲೂ ಇದೆ, ಕನ್ನಡದಲ್ಲಿ ಇಲ್ಲ. ಅದೇ ವಾಹಿನಿಯ ‘ಕೋರ್ ಕ್ಯೋಟೊ’ ಕಾರ್ಯಕ್ರಮ ಒಂದೊಂದು ಕಸುಬನ್ನು ನಿಧಾನವಾಗಿ ತೋರಿಸುತ್ತದೆ. ಊಟದ ಹೊತ್ತಿಗೆ ಹಾಕಿಕೊಳ್ಳಲು ಒಳ್ಳೆಯದು.

ರೀಲ್ಸ್ ಮಾತ್ರ ಹುಷಾರು. ‘ಇಕಿಗಾಯ್’ (ಬದುಕಲು ಇರುವ ಕಾರಣ) ಹೆಸರಿನಲ್ಲಿ ನಾಲ್ಕು ವೃತ್ತಗಳ ಚಿತ್ರವೊಂದು ಓಡಾಡುತ್ತಿದೆಯಲ್ಲ, ಅದು ಜಪಾನಿನದ್ದೇ ಅಲ್ಲ. ಬೇರೆ ವಿಷಯಕ್ಕೆ ಬರೆದಿದ್ದ ಚಿತ್ರಕ್ಕೆ 2014ರಲ್ಲಿ ಪಾಶ್ಚಾತ್ಯ ಬ್ಲಾಗರೊಬ್ಬರು ಆ ಹೆಸರು ಅಂಟಿಸಿದ್ದು. ಯಾರಾದರೂ ಒಂದು ಜಪಾನಿ ಪದ ಹೇಳಿ ಬದುಕಿನ ಪಾಠ ಮಾಡತೊಡಗಿದರೆ ನಾನು ಮುಂದಕ್ಕೆ ತಳ್ಳಿಬಿಡುತ್ತೇನೆ.

ಕೈಯಿಂದ ಮಾಡಿ ಕಲಿಯುವ ಕಲೆಗಳಲ್ಲಿ ಕಾಗದ ಮಡಚುವ ಒರಿಗಾಮಿ ವಿಡಿಯೊ ನೋಡಿಯೇ ಬರುತ್ತದೆ. ಹೂ ಜೋಡಿಸುವ ಇಕೆಬಾನ ಅಷ್ಟು ಸುಲಭವಲ್ಲ, ಕೊಂಬೆ ಯಾವ ಕಡೆ ವಾಲಿದೆ ಎಂದು ಎದುರು ಕೂತವರೇ ಹೇಳಬೇಕು. ಬೆಂಗಳೂರಿನಲ್ಲಿ ಕಲಿಸುವವರಿದ್ದಾರೆ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ನಡೆಯುವ ಇಕೆಬಾನ ಸ್ಪರ್ಧೆಯಲ್ಲಿ ಅವರು ಸಿಗುತ್ತಾರೆ, ಮಾತಾಡಿಸಿ.

ಕಿಂತ್ಸುಗಿ, ಅಂದರೆ ಒಡೆದ ಪಿಂಗಾಣಿಯನ್ನು ಹೊನ್ನಿನ ಗೆರೆಯಿಂದ ಬೆಸೆಯುವ ಕಲೆಯ ಕಿಟ್ ತರಿಸುವ ಯೋಚನೆ ಇದ್ದರೆ ಇನ್ನೊಂದು ಮಾತು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಬಹಳಷ್ಟು ಕಿಟ್‌ಗಳಲ್ಲಿರುವುದು ಎಪಾಕ್ಸಿ ಅಂಟು, ಒಂದೇ ದಿನದಲ್ಲಿ ಗಟ್ಟಿಯಾಗುತ್ತದೆ. ಅಸಲಿ ಕೆಲಸ ನಡೆಯುವುದು ಉರುಶಿ ಮರದ ಸೊನೆಯಲ್ಲಿ. ಅದು ಒಣಗಾಳಿಯಲ್ಲಿ ಗಟ್ಟಿಯಾಗದು, ತೇವದ ಪೆಟ್ಟಿಗೆಯೊಳಗೆ ವಾರಗಟ್ಟಲೆ ಇಡಬೇಕು. ಉರುಶಿ ನಮ್ಮ ಮಾವು, ಗೇರುಗಳ ಕುಟುಂಬದ ಮರ, ಸೊನೆ ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ. ಮಾವಿನಕಾಯಿ ಕೊಯ್ಯುವಾಗ ಸೊನೆ ಸಿಡಿದು ಮೈ ಕೆಂಪಾಗುವವರು ನಿಮ್ಮ ಮನೆಯಲ್ಲಿದ್ದರೆ ಆ ಡಬ್ಬಿ ಅವರ ಕೈಗೆ ಸಿಗದಂತೆ ಎತ್ತಿಡಿ.