ಬ್ಯಾಟರಿ ಖಾಲಿಯಾದರೆ ಚಾವಿಯಿಲ್ಲದ ಲಾಕ್ ತಾನೇ ಬಿಚ್ಚಿಕೊಳ್ಳುತ್ತದೆಯೇ?

ಪ್ರಶ್ನೆ: "ನಮಸ್ಕಾರ್ರಿ ಸರ್. ಬ್ಯಾಟರಿ ಬಿಚ್ಚಿ ಮನಿಗಿ ಒಯ್ಯೋ ಅಂಥ ಎಲೆಕ್ಟ್ರಿಕ್ ಸೈಕಲ್ ತಗೋಬೇಕಂತ ಮಾಡೀನಿ. ಅದರ ಬ್ಯಾಟರಿ ಲಾಕಿಗಿ ಚಾವಿ ಇಲ್ಲ, ಕಾರ್ಡ್ ಇಲ್ಲಾ ಮೊಬೈಲ್ ಹಿಡದ್ರ ತೆಗಿತದ. ಆದ್ರ ಬ್ಯಾಟರಿ ಪೂರಾ ಖಾಲಿ ಆದ್ರ ಲಾಕ್ ತಾನೇ ಬಿಚ್ಚಿಕೊಳ್ತದಂತ ಎಲ್ಲಾರೂ ಹೇಳ್ತಾರ. ಖರೇ ಏನ್ರಿ?"

ಕಲಬುರಗಿಯ ಓದುಗರೊಬ್ಬರು ಕೇಳಿದ್ದಾರೆ. ಯಾದಗಿರಿಯಿಂದಲೂ ಬೀದರಿನಿಂದಲೂ ಇದೇ ಪ್ರಶ್ನೆ ಬರುತ್ತದೆ. ಅಂಗಡಿಯಲ್ಲಿ ನಿಂತು ಕೇಳುತ್ತಾರೆ, ರಾತ್ರಿ ಫೋನ್ ಮಾಡಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಕೇಳುತ್ತಾರೆ. ಉತ್ತರ ಕೊಟ್ಟ ಮೇಲೂ "ಇಲ್ರಿ ಸರ್, ನಮ್ ಅಳಿಯ ಹೇಳ್ಯಾನ, ಬಿಚ್ಚಿಕೊಳ್ತದಂತ" ಎಂದು ಹೊರಟುಹೋಗುತ್ತಾರೆ. ಅಳಿಯಂದಿರೂ ಓದಲಿ ಎಂದು ಈ ಸಲ ಪೂರ್ತಿ ಬಿಡಿಸಿ ಬರೆಯುತ್ತಿದ್ದೇನೆ.

ಉತ್ತರ: ಇಲ್ಲ. ಬಿಚ್ಚಿಕೊಳ್ಳುವುದಿಲ್ಲ.

ಈ ನಂಬಿಕೆ ಎಲ್ಲಿಂದ ಬಂತು ಎಂಬುದು ನನಗೆ ಗೊತ್ತು. ಆಫೀಸು, ಬ್ಯಾಂಕು, ಹಾಸ್ಟೆಲ್ಲುಗಳಲ್ಲಿ ಕಾರ್ಡ್ ತೋರಿಸಿದರೆ ತೆರೆಯುವ ಗಾಜಿನ ಬಾಗಿಲುಗಳಿರುತ್ತವೆ. ಆ ಬಾಗಿಲಿನ ಮೇಲ್ಚೌಕಟ್ಟಿಗೆ ಒಂದು ಉದ್ದನೆಯ ವಿದ್ಯುತ್ ಕಾಂತ, ಬಾಗಿಲಿಗೆ ಒಂದು ಕಬ್ಬಿಣದ ಪಟ್ಟಿ. ಕರೆಂಟ್ ಹರಿಯುವಷ್ಟು ಹೊತ್ತು ಕಾಂತ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕರೆಂಟ್ ಹೋಗಿ, ಬ್ಯಾಕಪ್ ಬ್ಯಾಟರಿಯೂ ಮುಗಿದರೆ ಬಾಗಿಲು ಸಡಿಲ. ನಮ್ಮ ಕಡೆಯ ಬೇಸಿಗೆಯಲ್ಲಿ ಇದನ್ನು ಕಣ್ಣಾರೆ ಕಂಡವರು ಬಹಳ ಮಂದಿ ಇದ್ದಾರೆ. ಕಂಡದ್ದು ಸುಳ್ಳಲ್ಲ. ಆ ಬಾಗಿಲನ್ನು ಬೇಕೆಂದೇ ಹಾಗೆ ಮಾಡಿರುತ್ತಾರೆ: ಕಟ್ಟಡಕ್ಕೆ ಬೆಂಕಿ ಬಿದ್ದು ಕರೆಂಟ್ ಕಡಿದರೆ ಒಳಗಿದ್ದ ಮನುಷ್ಯರು ಹೊರಗೆ ಬರಬೇಕಲ್ಲ. ಜೀವ ಮುಖ್ಯ, ಅದಕ್ಕೇ ಬಾಗಿಲು ಬಿಟ್ಟುಕೊಡುತ್ತದೆ.

ತಪ್ಪು ಆಗುವುದು ಮುಂದಿನ ಹೆಜ್ಜೆಯಲ್ಲಿ. "ಅದೂ ಕಾರ್ಡ್ ಲಾಕು, ಇದೂ ಕಾರ್ಡ್ ಲಾಕು, ಎರಡೂ ಒಂದೇ" ಎಂದು ಹೇಳಿಬಿಡುತ್ತಾರೆ. ಕಾರ್ಡ್ ಓದುವ ಭಾಗ ಒಂದೇ ಇರಬಹುದು, ಹಿಡಿಯುವ ಭಾಗ ಬೇರೆ. ನಂಬಿಕೆ ಬರದಿದ್ದರೆ ಲೆಕ್ಕ ಹಾಕೋಣ. ಅಂಥ ಬಾಗಿಲಿನ ಚಿಕ್ಕ ಕಾಂತವೊಂದು 12 ವೋಲ್ಟಿನಲ್ಲಿ ಸುಮಾರು ಅರ್ಧ ಆಂಪಿಯರ್ ಎಳೆಯುತ್ತದೆ, ಅಂದರೆ 6 ವ್ಯಾಟ್, ಹಗಲೂ ರಾತ್ರಿ. ನಮ್ಮಲ್ಲಿ ಓಡುವ ಸಾಮಾನ್ಯ ಎಲೆಕ್ಟ್ರಿಕ್ ಸೈಕಲ್ಲಿನ ಬ್ಯಾಟರಿ 36 ವೋಲ್ಟ್, 7.5 ಆಂಪಿಯರ್-ಅವರ್ ಎಂದಿಟ್ಟುಕೊಳ್ಳಿ. ಎರಡನ್ನೂ ಗುಣಿಸಿದರೆ 270 ವ್ಯಾಟ್-ಅವರ್. ಅದನ್ನು 6ರಿಂದ ಭಾಗಿಸಿದರೆ 45 ಗಂಟೆ. ಕಾಂತದ ಲಾಕ್ ಹಾಕಿದ್ದರೆ ಸೈಕಲ್ ಒಂದು ಹೆಜ್ಜೆ ಓಡದೆ, ನಿಂತಲ್ಲೇ ಎರಡು ದಿನ ತುಂಬುವ ಮುಂಚೆ ಖಾಲಿಯಾಗುತ್ತಿತ್ತು. ಶನಿವಾರ ಸಂಜೆ ತುಂಬಿಸಿ ನಿಲ್ಲಿಸಿದ್ದು ಸೋಮವಾರ ಮಧ್ಯಾಹ್ನಕ್ಕೆ ಸೊನ್ನೆ. ಇಂಥ ಸೈಕಲ್ಲನ್ನು ಯಾರು ಮಾಡುತ್ತಾರೆ, ಯಾರು ಕೊಳ್ಳುತ್ತಾರೆ?

ಬ್ಯಾಟರಿ ಲಾಕಿನ ಒಳಗೆ ಇರುವುದು ಒಂದು ಲೋಹದ ನಾಲಿಗೆ. ಅದು ಬ್ಯಾಟರಿಯ ಕೆಳಗಿನ ಅಥವಾ ಬದಿಯ ತೂತಿನೊಳಗೆ ಹೋಗಿ ಕೂತಿರುತ್ತದೆ. ಅದನ್ನು ಹೊರಗೆ ಎಳೆಯಲು ಹೆಬ್ಬೆರಳಿಗಿಂತ ಚಿಕ್ಕದಾದ ಮೋಟರ್, ಅದಕ್ಕೆ ಹಲ್ಲುಗಾಲಿಗಳು. ಕಾರ್ಡ್ ಸರಿ ಇದ್ದರೆ ಮೋಟರ್ ಒಂದೆರಡು ಸೆಕೆಂಡ್ ತಿರುಗಿ ನಾಲಿಗೆಯನ್ನು ಎಳೆದು ಸುಮ್ಮನಾಗುತ್ತದೆ. ಲಾಕ್ ಹಾಕಿಯೇ ಇರಲು ಅದಕ್ಕೆ ಕರೆಂಟ್ ಬೇಡ. ಜಾಗ ಬದಲಿಸಲು ಮಾತ್ರ ಬೇಕು. ಮನೆ ಬಾಗಿಲಿನ ಚಿಲಕ ಹಾಕಿ ಕೈ ತೆಗೆದರೆ ಚಿಲಕ ಬೀಳುತ್ತದೆಯೇ? ಬ್ಯಾಟರಿ ಲಾಕ್ ಆ ಚಿಲಕ. ಆಫೀಸಿನ ಕಾಂತವಾದರೋ ಬಾಗಿಲಿಗೆ ಒರಗಿ ನಿಂತ ಮನುಷ್ಯ: ಅವನು ಸುಸ್ತಾದರೆ ಬಾಗಿಲು ತೆರೆಯುತ್ತದೆ.

ಕೆಲವು ಲಾಕುಗಳಲ್ಲಿ ಮೋಟರ್ ಬದಲು ಸೊಲೆನಾಯ್ಡ್ ಇರುತ್ತದೆ: ತಂತಿ ಸುತ್ತಿದ ಸುರುಳಿ, ನಡುವೆ ಒಂದು ಕಡ್ಡಿ, ಹಿಂದೆ ಸ್ಪ್ರಿಂಗ್. ಇಲ್ಲೂ ಸ್ಪ್ರಿಂಗ್ ಕಡ್ಡಿಯನ್ನು ಲಾಕಿನ ಕಡೆಗೇ ತಳ್ಳುತ್ತಿರುತ್ತದೆ. ಕರೆಂಟ್ ಕೊಟ್ಟರೆ ಮಾತ್ರ ಹಿಂದೆ ಸರಿಯುತ್ತದೆ. ಕರೆಂಟ್ ಇಲ್ಲದಿದ್ದರೆ ಹಾಕಿದ್ದು ಹಾಕಿದ ಹಾಗೇ. ಇದರ ದೌರ್ಬಲ್ಯ ಬೇರೆ ಇದೆ. ಸ್ಪ್ರಿಂಗ್ ಮೆತ್ತಗಿರುವ ಅಗ್ಗದ ಲಾಕಿಗೆ ಸರಿಯಾದ ಕಡೆ ಜೋರಾಗಿ ಗುದ್ದಿದರೆ ಕಡ್ಡಿ ಒಂದು ಕ್ಷಣ ಜಿಗಿಯಬಹುದು. ಬಲವಾದ ಅಯಸ್ಕಾಂತ ಹಿಡಿದರೂ ಕೆಲವು ಸರಿಯುತ್ತವೆ. ಮೋಟರ್ ಮತ್ತು ಹಲ್ಲುಗಾಲಿ ಇರುವ ಲಾಕಿಗೆ ಈ ಕಾಟ ಬಹಳ ಕಡಿಮೆ. ಅದಕ್ಕೇ ನಾನು ಮೋಟರಿನದ್ದನ್ನೇ ಕೇಳಿ ತೆಗೆದುಕೊಳ್ಳಿ ಎನ್ನುವುದು.

ಇಷ್ಟು ಹೇಳಿದ ಮೇಲೂ ಅನುಮಾನ ಉಳಿದರೆ ಅಂಗಡಿಯಲ್ಲೇ ಪರೀಕ್ಷೆ ಮಾಡಿಸಿ. ಲಾಕ್ ಹಾಕಿಸಿ, ಲಾಕಿಗೆ ಹೋಗುವ ಕರೆಂಟನ್ನು ತೆಗೆಸಿ, ಆಮೇಲೆ ಬ್ಯಾಟರಿಯನ್ನು ಎರಡೂ ಕೈಯಿಂದ ಎಳೆಯಿರಿ. ಬರುವುದಿಲ್ಲ. ಅಳಿಯನಿಗೂ ಎಳೆಯಲು ಹೇಳಿ. ನನ್ನಲ್ಲಿಗೆ ಬಂದವರಿಗೆ ಇದನ್ನು ಮಾಡಿ ತೋರಿಸುವುದೆಂದರೆ ನನಗೆ ಇವತ್ತಿಗೂ ಸಂತೋಷ. ಎಳೆದು ನೋಡಿದವರು ಮತ್ತೆ ಆ ಮಾತು ಆಡುವುದಿಲ್ಲ.

ನಿಜವಾದ ಚಿಂತೆ ಇದರ ತಿರುವುಮುರುವು. ಖಾಲಿಯಾದ ಮೇಲೆ ಲಾಕ್ ಬಿಚ್ಚದಿದ್ದರೆ ಏನು ಗತಿ? ಇದನ್ನು ಕೇಳುವವರು ಕಡಿಮೆ. ಕೇಳಬೇಕಾದದ್ದು ಇದನ್ನೇ.

36 ವೋಲ್ಟಿನ ಬ್ಯಾಟರಿಯಲ್ಲಿ ಹತ್ತು ಸೆಲ್ಲುಗಳ ಸಾಲು ಇರುತ್ತದೆ. ಪೂರ್ತಿ ತುಂಬಿದಾಗ ಒಂದೊಂದು 4.2 ವೋಲ್ಟ್, ಒಟ್ಟು 42. ಇಳಿಯುತ್ತಾ ಸುಮಾರು 30ಕ್ಕೆ ಬಂದಾಗ ಒಳಗಿನ ರಕ್ಷಣಾ ಸರ್ಕೀಟು, ಮೆಕ್ಯಾನಿಕ್‌ಗಳು ಬಿಎಂಎಸ್ ಎನ್ನುವುದು, ಹೊರಗೆ ಹೋಗುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಡಿಸ್‌ಪ್ಲೇ ಸೊನ್ನೆ ತೋರಿಸಿದಾಗಲೂ ಸೆಲ್ಲಿನಲ್ಲಿ ಸ್ವಲ್ಪ ಉಳಿದಿರುತ್ತದೆ, ಆದರೆ ಅದು ಹೊರಗೆ ಬರುವುದಿಲ್ಲ. ಲಾಕಿನ ಮೋಟರ್ ಆ ಹೊರದಾರಿಯಿಂದಲೇ ಕರೆಂಟ್ ತೆಗೆದುಕೊಳ್ಳುವಂತಿದ್ದರೆ ಅದಕ್ಕೂ ಉಪವಾಸ. ಹೀಗಾದಾಗ ಗಾಬರಿಯಾಗಿ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಬ್ಯಾಟರಿಯ ಚಾರ್ಜಿಂಗ್ ತೂತು ಸಾಮಾನ್ಯವಾಗಿ ಸೈಕಲ್ ಮೇಲೆ ಇದ್ದಾಗಲೂ ಕೈಗೆ ಸಿಗುವಂತಿರುತ್ತದೆ. ಸೈಕಲ್ಲನ್ನೇ ಪ್ಲಗ್ಗಿನ ಹತ್ತಿರ ಒಯ್ದು, ಇಲ್ಲವೇ ಎಕ್ಸ್‌ಟೆನ್ಶನ್ ವೈರ್ ಎಳೆದು ಸ್ವಲ್ಪ ಹೊತ್ತು ಚಾರ್ಜ್ ಮಾಡಿದರೆ ಬಿಎಂಎಸ್ ಎಚ್ಚರಾಗುತ್ತದೆ, ಲಾಕಿಗೂ ಜೀವ ಬರುತ್ತದೆ.

ಬೇರೆ ಕೆಲವು ಲಾಕುಗಳಿಗೆ ತಮ್ಮದೇ ಪುಟ್ಟ ಸೆಲ್ ಇರುತ್ತದೆ. ಅಂಥದ್ದು ಮುಗಿದಾಗ ಹೊರಗಿನಿಂದ ಪವರ್ ಬ್ಯಾಂಕ್ ಜೋಡಿಸಲು ಯುಎಸ್‌ಬಿ-ಸಿ ತೂತು ಇದೆಯೇ, ಇಲ್ಲವೇ 9 ವೋಲ್ಟ್ ಬ್ಯಾಟರಿ ಮುಟ್ಟಿಸುವ ಎರಡು ಚುಕ್ಕೆ ಇವೆಯೇ, ಅದೂ ಇಲ್ಲದಿದ್ದರೆ ಮುಚ್ಚಳದ ಕೆಳಗೆ ಒಂದು ತುರ್ತು ಚಾವಿ ಕಂಡಿ ಇದೆಯೇ, ಕೊಳ್ಳುವ ಮುಂಚೆ ನೋಡಿಕೊಳ್ಳಿ. ಮೂರರಲ್ಲಿ ಒಂದೂ ಇಲ್ಲದ ಲಾಕನ್ನು ನಾನು ಯಾರಿಗೂ ಹೇಳುವುದಿಲ್ಲ. "ಲಾಕಿಗಿ ಕರೆಂಟ್ ಎಲ್ಲಿಂದ ಬರ್ತದ್ರಿ?" ಎಂದು ಕೇಳಿದಾಗ ಮಾರುವವನ ಬಳಿ ಉತ್ತರ ಇಲ್ಲದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಕಾರ್ಡೋ, ಬೆರಳೋ, ಮೊಬೈಲೋ? ನಮ್ಮ ಊರಿಗೆ ಬೆರಳಚ್ಚು ಬೇಡ ಎನ್ನುತ್ತೇನೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಒತ್ತಿ ಬೇಸತ್ತ ಹಿರಿಯರನ್ನು ನೀವೂ ನೋಡಿದ್ದೀರಿ. ಶಹಾಬಾದ್ ಕಲ್ಲು ಕೊರೆಯುವವರು, ದಾಲ್ ಮಿಲ್ಲಿನಲ್ಲಿ ತೊಗರಿ ಚೀಲ ಎತ್ತುವವರು, ಗಾರೆ ಕೆಲಸದವರು, ಇವರ ಬೆರಳಿನ ಗೆರೆಗಳು ಸವೆದಿರುತ್ತವೆ. ಮೇ ತಿಂಗಳ ಬೆವರಿನ ಕೈಯನ್ನೂ ಆ ಸೆನ್ಸರ್ ಸರಿಯಾಗಿ ಓದುವುದಿಲ್ಲ. ಕಾರ್ಡ್ ಒಳ್ಳೆಯದು, ಆದರೆ 125 ಕಿಲೋಹರ್ಟ್ಸಿನ ಹಳೆಯ ಬಗೆಯದ್ದು ಬೇಡ. ಅದು ಕೇಳಿದವರಿಗೆಲ್ಲ ಒಂದೇ ನಂಬರ್ ಹೇಳುತ್ತದೆ, ನಕಲು ಸುಲಭ. 13.56 ಮೆಗಾಹರ್ಟ್ಸಿನ, ಗೂಢಲಿಪಿ ಇರುವ ಕಾರ್ಡ್ ಕೇಳಿ. ಮೊಬೈಲಿನದ್ದಾದರೆ "ಹತ್ತಿರ ಬಂದ ಕೂಡಲೇ ತಾನೇ ತೆರೆಯುವ" ಸೌಲಭ್ಯವನ್ನು ಬಂದ್ ಮಾಡಿ, ಬಟನ್ ಒತ್ತಿದರೆ ಮಾತ್ರ ತೆರೆಯುವ ಹಾಗೆ ಇಟ್ಟುಕೊಳ್ಳಿ.

ಡಬ್ಬಿಯ ಮೇಲೆ ಐಪಿಎಕ್ಸ್4 ಎಂದೋ ಐಪಿ65 ಎಂದೋ ಬರೆದಿರುತ್ತದೆ. ಎಲ್ಲರೂ ನೀರಿನ ಅಂಕಿ ನೋಡುತ್ತಾರೆ. ಮೊದಲನೆಯದು ಧೂಳಿನ ಅಂಕಿ. ಅಲ್ಲಿ 6 ಇದ್ದರೆ ಧೂಳು ಒಳಗೆ ಹೋಗುವುದಿಲ್ಲ; ಎಕ್ಸ್ ಇದ್ದರೆ ಧೂಳಿಗೆ ಅದಕ್ಕೆ ಯಾವ ಅಂಕಿಯೂ ಕೊಟ್ಟಿಲ್ಲ ಎಂದರ್ಥ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಪಟ್ಟಿಯಲ್ಲಿ ಓಡಾಡುವವರಿಗೆ, ಕರಿಮಣ್ಣಿನ ಹೊಲದ ದಾರಿ ಹಿಡಿಯುವವರಿಗೆ ನೀರಿಗಿಂತ ಧೂಳೇ ಶತ್ರು. ನನ್ನ ಮೇಜಿಗೆ ಬರುವ ಲಾಕುಗಳಲ್ಲಿ ಹಲ್ಲುಗಾಲಿ ಮುರಿದವು ಅಪರೂಪ, ಮಣ್ಣು ಮೆತ್ತಿ ನಾಲಿಗೆ ಸಿಕ್ಕಿಕೊಂಡವೇ ಹೆಚ್ಚು. ಅದಕ್ಕೆ ಎಣ್ಣೆ ಬಿಡಬೇಡಿ, ಎಣ್ಣೆಗೆ ಧೂಳು ಇನ್ನೂ ಅಂಟುತ್ತದೆ. ಒಣ ಬ್ರಷ್ಷಿನಿಂದ ಒರೆಸಿ.

ಇನ್ನೊಂದು ಮಾತು. ಕಳ್ಳನಿಗೆ ನಿಮ್ಮ ಕಾರ್ಡು, ಆ್ಯಪು ಯಾವುದೂ ಬೇಕಿಲ್ಲ, ಕೈಯಲ್ಲಿ ರಾಡ್ ಇದ್ದರೆ ಸಾಕು. ನಾಲಿಗೆ ಹೋಗಿ ಕೂರುವ ಜಾಗ ಬರೀ ಪ್ಲಾಸ್ಟಿಕ್ ಆಗಿದ್ದರೆ ಲಾಕ್ ಮುರಿಯದೆಯೇ ಬ್ಯಾಟರಿ ಕಿತ್ತು ಬರುತ್ತದೆ. ಅಲ್ಲಿ ಲೋಹದ ಪಟ್ಟಿ ಇದೆಯೇ ನೋಡಿ. ಬ್ಯಾಟರಿ ಕೂರುವ ಹಳಿಯನ್ನು ಸೈಕಲ್ಲಿನ ಫ್ರೇಮಿಗೆ ಬಿಗಿದ ಬೋಲ್ಟುಗಳು ಬ್ಯಾಟರಿಯ ಅಡಿಯಲ್ಲಿ ಮುಚ್ಚಿರಬೇಕು. ಹೊರಗೇ ಕಂಡರೆ ಅಲೆನ್ ಕೀ ಇದ್ದವನು ಹಳಿ ಸಮೇತ ಒಯ್ಯುತ್ತಾನೆ. ಮತ್ತೆ ಸೈಕಲ್ಲನ್ನೂ ಕಂಬಕ್ಕೆ ಚೈನ್ ಹಾಕಿ. ಸೂಪರ್ ಮಾರ್ಕೆಟ್ಟಿನಲ್ಲಿ ಹತ್ತು ನಿಮಿಷದ ಕೆಲಸಕ್ಕೆ ಲಾಕ್ ಸಾಕು. ಶರಣಬಸವೇಶ್ವರ ಜಾತ್ರೆಗೋ ಬಂದೇನವಾಜ್ ಉರುಸಿಗೋ ಹೋಗಿ ಗಂಟೆಗಟ್ಟಲೆ ಬಿಡುವುದಾದರೆ ಬ್ಯಾಟರಿ ಬಿಚ್ಚಿ ಚೀಲದಲ್ಲಿ ಹಾಕಿಕೊಳ್ಳಿ. ಎರಡು ಮೂರು ಕಿಲೋ ತೂಕ, ಹೊರಬಹುದು.

ಹೊತ್ತು ತಂದ ಬ್ಯಾಟರಿಯನ್ನು ಎಲ್ಲಿ ಇಡುತ್ತೀರಿ? ಇದನ್ನು ಯಾರೂ ಕೇಳಲಿಲ್ಲ, ಆದರೂ ಹೇಳದೆ ಬಿಡಲು ನನಗೆ ಮನಸ್ಸಿಲ್ಲ. ಲೀಥಿಯಂ ಸೆಲ್ಲುಗಳನ್ನು ಚಾರ್ಜ್ ಮಾಡಲು ತಯಾರಕರು ಸಾಮಾನ್ಯವಾಗಿ ಕೊಡುವ ಮಿತಿ 0ಯಿಂದ 45 ಡಿಗ್ರಿ. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನೆರಳಿನಲ್ಲೇ 42, 43 ಇರುತ್ತದೆ. ಬಿಸಿಲಿಗೆ ನಿಂತ ಕಪ್ಪು ಡಬ್ಬಿಯ ಒಳಗೆ ಅದಕ್ಕಿಂತ ಹೆಚ್ಚು. ಅಂಥದ್ದನ್ನು ತಂದ ಕೂಡಲೇ ಚಾರ್ಜಿಗೆ ಹಾಕಿದರೆ ಸೆಲ್ಲಿನ ಆಯುಸ್ಸು ನೀವೇ ಕತ್ತರಿಸಿದ ಹಾಗೆ. ಮುಟ್ಟಿದರೆ ಬಿಸಿ ಹತ್ತದಷ್ಟು ಆರಲಿ, ಸಂಜೆ ಹಾಕಿ. ತಗಡಿನ ಶೆಡ್ಡಿನಲ್ಲಿ ಬೇಡ, ಕಲ್ಲುಹಾಸಿನ ನೆಲ ಇರುವ ತಂಪು ಕೋಣೆಯಲ್ಲಿ ಇಡಿ. ಮಂಚದ ಕೆಳಗೆ, ಹಾಸಿಗೆ ಮೇಲೆ ಬೇಡವೇ ಬೇಡ. ಮನೆಯಿಂದ ಹೊರಗೆ ಹೋಗುವ ಒಂದೇ ಬಾಗಿಲಿನ ಪಕ್ಕದಲ್ಲಿ, ಮೆಟ್ಟಿಲ ಕೆಳಗೆ ಕೂಡ ಬೇಡ: ಬೆಂಕಿ ಹತ್ತಿದರೆ ನೀವು ಓಡಬೇಕಾದ ದಾರಿ ಅದೇ. ಉಬ್ಬಿದ, ಬಿದ್ದು ಸೀಳಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕಲೇಬೇಡಿ.

ಕಾಲೇಜು ಹುಡುಗರಿಗೆ ಪ್ರತ್ಯೇಕವಾಗಿ: ರಜೆಗೆ ಊರಿಗೆ ಹೋಗುವಾಗ ಬ್ಯಾಟರಿಯನ್ನು ಸೈಕಲ್ಲಿನಲ್ಲೇ ಲಾಕ್ ಮಾಡಿ ಹೋಗಬೇಡಿ. ಎರಡು ತಿಂಗಳಲ್ಲಿ ಅದು ತಾನಾಗಿ ಇಳಿದು, ಮೇಲೆ ಹೇಳಿದ ಸಿಕ್ಕಿಕೊಳ್ಳುವ ಪ್ರಸಂಗ ಬರುವುದು ಹೆಚ್ಚಾಗಿ ಹೀಗೆಯೇ. ಅರ್ಧದಷ್ಟು ಚಾರ್ಜ್ ಇರುವಾಗ ಬಿಚ್ಚಿ, ರೂಮಿನೊಳಗೆ ತಂಪಾದ ಕಡೆ ಇಡಿ. ಲಾಕಿಗೆ ಬದಲಿಸುವಂಥ ಸ್ವಂತ ಸೆಲ್ ಇದ್ದರೆ ಅದನ್ನೂ ತೆಗೆದಿಡಿ, ಸೆಕೆಗೆ ಅದು ಒಳಗೇ ಸೋರಬಹುದು. ಕಾರ್ಡ್ ಎರಡು ಕೊಟ್ಟಿದ್ದರೆ ಒಂದು ಪಾಕೀಟಿನಲ್ಲಿ, ಇನ್ನೊಂದು ಮನೆಯಲ್ಲಿ ತಾಯಿಯ ಕೈಯಲ್ಲಿ.