ಸಾಮೂಹಿಕ ಚೌಕಾಸಿ: ಸರ್ಕಾರವೇ ಧಣಿಯಾದಾಗ

'ಸಾಮೂಹಿಕ ಚೌಕಾಸಿ' ಅರ್ಥಶಾಸ್ತ್ರದ ಪಠ್ಯಪುಸ್ತಕದ ಪದ. ಒಬ್ಬೊಬ್ಬ ನೌಕರನೂ ತನ್ನ ಸಂಬಳಕ್ಕಾಗಿ ಧಣಿಯ ಮುಂದೆ ಒಂಟಿಯಾಗಿ ನಿಲ್ಲುವ ಬದಲು, ಎಲ್ಲರ ಪರವಾಗಿ ಸಂಘವೊಂದು ಕೂತು ಮಾತನಾಡಿ ಸಂಬಳ, ಕೆಲಸದ ವೇಳೆ, ರಜೆ, ಪಿಂಚಣಿಗಳ ಬಗ್ಗೆ ಲಿಖಿತ ಒಪ್ಪಂದ ಮಾಡಿಕೊಳ್ಳುವುದು ಎಂದು ಇದರ ಅರ್ಥ. ಇಂಗ್ಲಿಷಿನ 'ಕಲೆಕ್ಟಿವ್ ಬಾರ್ಗೇನಿಂಗ್' ಎಂಬ ಮೂಲವನ್ನು 1891ರಲ್ಲಿ ಚಾಲ್ತಿಗೆ ತಂದವರು ಬ್ರಿಟನ್ನಿನ ಬಿಯಾಟ್ರಿಸ್ ವೆಬ್. ಅನುವಾದ ತಪ್ಪಲ್ಲ. ಆದರೂ 'ಚೌಕಾಸಿ' ಎಂದಾಗ ನನಗೆ ಕೊಂಚ ಇರುಸುಮುರುಸು. ದರ ಕುದುರದಿದ್ದರೆ ಗಿರಾಕಿ ಎದ್ದು ಮುಂದಿನ ಅಂಗಡಿಗೆ ಹೋಗುತ್ತಾನೆ. ಇಲ್ಲಿ ಹಾಗೆ ಎದ್ದು ಹೋಗುವಂತಿಲ್ಲ. ಎರಡೂ ಕಡೆಯವರು ಪ್ರಾಮಾಣಿಕವಾಗಿ ಕೂತು ಮಾತನಾಡಲೇಬೇಕು ಎಂಬುದು ಕಾನೂನಿನ ಕಟ್ಟುಪಾಡು. ಒಪ್ಪಲೇಬೇಕು ಎಂಬ ಕಟ್ಟುಪಾಡು ಮಾತ್ರ ಇಲ್ಲ. 'ಸಂಧಾನ' ಎಂದಿದ್ದರೆ ಹೆಚ್ಚು ಹೊಂದುತ್ತಿತ್ತೇನೋ. ಇರಲಿ, ಪದ ಬೇರೂರಿಬಿಟ್ಟಿದೆ.

ಅಮೆರಿಕದ ರಾಜ್ಯ ರಾಜಕಾರಣದಲ್ಲಿ ಈ ಪದ ಕಿವಿಗೆ ಬಿದ್ದರೆ ಸಾಕು, ಎರಡು ಪಕ್ಷಗಳೂ ತೋಳೇರಿಸುತ್ತವೆ. ಅಲ್ಲಿ ಮಾತು ಕಾರ್ಖಾನೆಯದಲ್ಲ. ಶಾಲಾ ಶಿಕ್ಷಕರು, ಪೊಲೀಸರು, ಕಸ ಸಾಗಿಸುವವರು, ಜೈಲಿನ ಕಾವಲುಗಾರರು, ಕಚೇರಿ ಗುಮಾಸ್ತರದು. ಕಾರ್ಖಾನೆಯ ಮಾಲೀಕನನ್ನು ಅತಿಯಾಗಿ ಹಿಂಡಿದರೆ ಕಾರ್ಖಾನೆಯೇ ಮುಚ್ಚುತ್ತದೆ ಎಂಬ ಭಯ ಸಂಘಕ್ಕೂ ಇರುತ್ತದೆ. ಸರ್ಕಾರ ಬಾಗಿಲು ಹಾಕಿಕೊಂಡು ಬೇರೆ ಊರಿಗೆ ಹೋಗುವುದಿಲ್ಲ. ಕೊಡುವ ಹಣವೂ ಮಾತನಾಡುತ್ತಿರುವವರದಲ್ಲ, ತೆರಿಗೆದಾರರದು. ಎಲ್ಲಕ್ಕಿಂತ ಮುಖ್ಯವಾಗಿ, ಮೇಜಿನ ಆಚೆ ಬದಿಯ ಕುರ್ಚಿಯಲ್ಲಿರುವುದು ಚುನಾಯಿತ ರಾಜಕಾರಣಿಯ ಪ್ರತಿನಿಧಿ. ಆ ರಾಜಕಾರಣಿಯನ್ನು ಆರಿಸಿದ ಮತಗಳಲ್ಲಿ ಈಚೆ ಬದಿಯವರ ಮತಗಳೂ ಇವೆ, ಅವನ ಪ್ರಚಾರಕ್ಕೆ ಹೋದ ಹಣದಲ್ಲಿ ಇವರ ಸಂಘದ ಹಣವೂ ಇರಬಹುದು.

ಹೀಗಾಗಿ, ಸಂಘ ತನ್ನ ಧಣಿಯನ್ನು ತಾನೇ ಆರಿಸಿಕೊಂಡು ತಾನೇ ಅವನ ಜತೆ ಚೌಕಾಸಿಗೆ ಕೂರುತ್ತದೆ, ತೆರಿಗೆ ಕಟ್ಟುವವನಿಗೆ ಆ ಕೋಣೆಯಲ್ಲಿ ಕುರ್ಚಿಯೇ ಇಲ್ಲ ಎಂಬುದು ವಿರೋಧಿಗಳ ದೂರು. ಸಂಘದವರ ಉತ್ತರವೂ ಸರಳ: ಕಸದ ಲಾರಿ ನಗರಸಭೆಯದಾದರೇನು, ಖಾಸಗಿಯವರದಾದರೇನು, ಎತ್ತುವವನ ಬೆನ್ನುನೋವು ಒಂದೇ. ಈ ಎರಡರಲ್ಲೂ ಹುರುಳಿದೆ.

ಖಾಸಗಿ ಕಾರ್ಮಿಕರಿಗೆ ಸಂಘ ಕಟ್ಟಿ ಚೌಕಾಸಿ ಮಾಡುವ ಹಕ್ಕು ಕೊಟ್ಟದ್ದು 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧ ಕಾಯ್ದೆ. ಸೆನೆಟರ್ ರಾಬರ್ಟ್ ವ್ಯಾಗ್ನರ್ ಹೆಸರಿನಿಂದ ವ್ಯಾಗ್ನರ್ ಕಾಯ್ದೆ ಎಂದೇ ಪ್ರಸಿದ್ಧ. ಆದರೆ ಕೇಂದ್ರ, ರಾಜ್ಯ, ಸ್ಥಳೀಯ ಸರ್ಕಾರಗಳನ್ನು ಅದು 'ಉದ್ಯೋಗದಾತ' ಎಂಬ ವ್ಯಾಖ್ಯೆಯಿಂದಲೇ ಹೊರಗಿಟ್ಟಿತು. ರಾಜ್ಯ ನೌಕರರ ಹಣೆಬರಹ ರಾಜ್ಯದ ಶಾಸನಸಭೆಯ ಕೈಯಲ್ಲೇ ಉಳಿಯಿತು. ಒಂದು ರಾಜ್ಯದಲ್ಲಿ ಹಕ್ಕಾಗಿರುವುದು ಪಕ್ಕದ ರಾಜ್ಯದಲ್ಲಿ ನಿಷಿದ್ಧವಾಗಿರುವುದು ಇದರಿಂದಲೇ. ಕಾರ್ಮಿಕರ ಮಿತ್ರನೆಂದು ಹೆಸರಾದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕೂಡ 1937ರಲ್ಲಿ ಬರೆದ ಪತ್ರವೊಂದರಲ್ಲಿ, ಸಾಮೂಹಿಕ ಚೌಕಾಸಿಯನ್ನು ಇದ್ದ ಹಾಗೆಯೇ ತಂದು ಸರ್ಕಾರಿ ಸೇವೆಯಲ್ಲಿ ನೆಡಲಾಗದು ಎಂದಿದ್ದರು. ಇಲ್ಲಿ ಧಣಿ ಇಡೀ ಜನತೆ, ಅಧಿಕಾರಿಗಳ ಕೈಯನ್ನು ಕಾನೂನು ಕಟ್ಟಿಹಾಕಿರುತ್ತದೆ ಎಂಬುದು ಅವರ ವಾದ. ಈ ಪತ್ರವನ್ನು ಇಂದು ಹೆಚ್ಚು ಉಲ್ಲೇಖಿಸುವವರು ರೂಸ್‌ವೆಲ್ಟರ ಡೆಮಾಕ್ರಟಿಕ್ ಪಕ್ಷದವರಲ್ಲ, ಎದುರಿನ ರಿಪಬ್ಲಿಕನ್ ಪಕ್ಷದವರು. ಅದಕ್ಕೂ ಹಿಂದೆ, 1919ರ ಬಾಸ್ಟನ್ ಪೊಲೀಸ್ ಮುಷ್ಕರವನ್ನು ಬಗ್ಗುಬಡಿದ ಗವರ್ನರ್ ಕ್ಯಾಲ್ವಿನ್ ಕೂಲಿಜ್ ಅದೇ ಖ್ಯಾತಿಯ ಮೇಲೆ ಉಪಾಧ್ಯಕ್ಷರಾಗಿ, ಮುಂದೆ ಅಧ್ಯಕ್ಷರೇ ಆದರು. (ಅಲ್ಲಿನ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಲ್ಲ, ಜನರಿಂದ ನೇರವಾಗಿ ಆಯ್ಕೆಯಾಗಿ ರಾಜ್ಯ ಆಳುವವರು.)

ಬಾಗಿಲು ತೆರೆದದ್ದು 1950ರ ದಶಕದ ಕೊನೆಯಲ್ಲಿ. 1958ರಲ್ಲಿ ನ್ಯೂಯಾರ್ಕ್ ನಗರದ ನೌಕರರಿಗೆ ಚೌಕಾಸಿಯ ಹಕ್ಕು ಕೊಟ್ಟ ಮೇಯರ್, ಅದೇ ಸೆನೆಟರ್ ವ್ಯಾಗ್ನರರ ಮಗ. 1959ರಲ್ಲಿ ವಿಸ್ಕಾನ್ಸಿನ್ ತನ್ನ ಸ್ಥಳೀಯ ಸಂಸ್ಥೆಗಳ ನೌಕರರಿಗೆ ಈ ಹಕ್ಕನ್ನು ಶಾಸನದ ಮೂಲಕ ಕೊಟ್ಟಿತು. ರಾಜ್ಯವೊಂದು ಹಾಗೆ ಮಾಡಿದ್ದು ಅದೇ ಮೊದಲು. 1962ರಲ್ಲಿ ಅಧ್ಯಕ್ಷ ಕೆನಡಿ ಕೇಂದ್ರ ನೌಕರರಿಗೆ ಸೀಮಿತ ರೂಪದಲ್ಲಿ ಅದನ್ನು ವಿಸ್ತರಿಸಿದರು. ಕ್ಯಾಲಿಫೋರ್ನಿಯಾದ ಸ್ಥಳೀಯ ನೌಕರರ ಚೌಕಾಸಿ ಕಾಯ್ದೆಗೆ 1968ರಲ್ಲಿ ಸಹಿ ಹಾಕಿದ ಗವರ್ನರ್ ರೊನಾಲ್ಡ್ ರೇಗನ್. 1981ರಲ್ಲಿ, ಅಧ್ಯಕ್ಷರಾಗಿ, ಮುಷ್ಕರ ಹೂಡಿದ 11 ಸಾವಿರಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ಒಂದೇ ಏಟಿಗೆ ಮನೆಗೆ ಕಳಿಸಿದವರೂ ಅವರೇ.

ಈ ಚೌಕಾಸಿ ಬರೀ ಸಂಬಳದ್ದಲ್ಲ ಎಂಬುದು ಅರ್ಥವಾಗಬೇಕಾದರೆ ಟೆನೆಸಿ ರಾಜ್ಯದ ಮೆಂಫಿಸ್‌ಗೆ ಹೋಗಬೇಕು. 1968ರ ಫೆಬ್ರುವರಿ 1ರಂದು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಭಾಗಕ್ಕೆ ನುಗ್ಗಿದ್ದ ಇಬ್ಬರು ಪೌರಕಾರ್ಮಿಕರನ್ನು ಕಸ ಅದುಮುವ ಯಂತ್ರ ನುಂಗಿತು. ಹನ್ನೊಂದು ದಿನಗಳ ಬಳಿಕ ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. ಬಹುತೇಕ ಎಲ್ಲರೂ ಕಪ್ಪು ಜನಾಂಗದವರು. ಕೊರಳಿಗೆ ತೂಗುಹಾಕಿಕೊಂಡ ಫಲಕದಲ್ಲಿದ್ದದ್ದು 'ನಾನು ಮನುಷ್ಯ' ಎಂಬ ಮಾತು. ಮೇಯರ್ ಹೆನ್ರಿ ಲೋಬ್ ಪಟ್ಟು ಹಿಡಿದದ್ದು ಎರಡು ವಿಷಯಗಳಲ್ಲಿ: ಸಂಘಕ್ಕೆ ಮಾನ್ಯತೆ ಕೊಡುವುದಿಲ್ಲ, ಸಂಘದ ವಂತಿಗೆಯನ್ನು ಸಂಬಳದಿಂದಲೇ ಕಡಿತ ಮಾಡಿ ಕೊಡುವುದಿಲ್ಲ. ಎರಡನೆಯದು ಕ್ಷುಲ್ಲಕವೆನಿಸಬಹುದು. ಆದರೆ ಸಂಬಳದ ಚೀಟಿಯಲ್ಲೇ ವಂತಿಗೆ ಮುರಿದುಕೊಂಡರೆ ಸಂಘ ಉಳಿಯುತ್ತದೆ. ತಿಂಗಳಿಗೊಮ್ಮೆ ಮನೆ ಮನೆಯ ಕದ ತಟ್ಟಿ ವಸೂಲಿ ಮಾಡಬೇಕಾದರೆ ಸೊರಗುತ್ತದೆ. ಇದು ಮೇಯರ್‌ಗೂ ಗೊತ್ತಿತ್ತು, ಸಂಘಕ್ಕೂ ಗೊತ್ತಿತ್ತು. ಆ ಮುಷ್ಕರಕ್ಕೆ ಬೆಂಬಲ ಕೊಡಲು ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅಲ್ಲೇ ಗುಂಡಿಗೆ ಬಲಿಯಾದರು. ಏಪ್ರಿಲ್ 16ರಂದು ಒಪ್ಪಂದವಾಯಿತು. ಅದರಲ್ಲಿ ಮಾನ್ಯತೆಯೂ ಇತ್ತು, ವಂತಿಗೆ ಕಡಿತದ ಏರ್ಪಾಡೂ ಇತ್ತು.

ವಂತಿಗೆಯ ಜಗಳ ಅಲ್ಲಿಗೆ ಮುಗಿಯಲಿಲ್ಲ. ಚೌಕಾಸಿ ನಡೆಸುವ ಸಂಘ ಒಂದು ವೃಂದದ ಎಲ್ಲರ ಏಕೈಕ ಪ್ರತಿನಿಧಿ. ಸದಸ್ಯರಲ್ಲದವರ ಪರವಾಗಿಯೂ ಅದೇ ಮಾತನಾಡಬೇಕು, ಗಳಿಸಿದ ಸವಲತ್ತು ಅವರಿಗೂ ಸಿಗಬೇಕು. ಹಾಗಿದ್ದರೆ ಖರ್ಚಿನ ಪಾಲು? 1977ರಲ್ಲಿ ಸುಪ್ರೀಂ ಕೋರ್ಟ್, ಚೌಕಾಸಿಯ ಖರ್ಚಿನ ಮಟ್ಟಿಗೆ ಸದಸ್ಯರಲ್ಲದವರಿಂದಲೂ ಶುಲ್ಕ ಪಡೆಯಬಹುದು, ರಾಜಕೀಯ ಚಟುವಟಿಕೆಗೆ ಪಡೆಯುವಂತಿಲ್ಲ ಎಂದು ಗೆರೆ ಎಳೆಯಿತು. 41 ವರ್ಷಗಳ ನಂತರ ಇಲಿನಾಯ್ ರಾಜ್ಯದ ನೌಕರ ಮಾರ್ಕ್ ಜೇನಸ್, ತಿಂಗಳಿಗೆ ಸುಮಾರು 45 ಡಾಲರ್ ಶುಲ್ಕದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ 5–4ರ ಬಹುಮತದಿಂದ ಆ ಗೆರೆಯನ್ನು ಅಳಿಸಿಹಾಕಿತು. ಸರ್ಕಾರದ ಜತೆ ಸಂಬಳದ ಬಗ್ಗೆ ಆಡುವ ಮಾತೂ ರಾಜಕೀಯ ಮಾತೇ, ಅದಕ್ಕೆ ಬಲವಂತವಾಗಿ ದುಡ್ಡು ಕೀಳುವುದು ವಾಕ್ ಸ್ವಾತಂತ್ರ್ಯದ ಉಲ್ಲಂಘನೆ ಎಂದಿತು 2018ರ ಆ ತೀರ್ಪು. ತರ್ಕ ಗಟ್ಟಿಯಾಗಿದೆ. ಆದರೆ ಶುಲ್ಕ ಕೊಡದವನ ಪರವಾಗಿಯೂ ದುಡಿಯಬೇಕೆಂಬ ಹೊಣೆ ಮಾತ್ರ ಸಂಘದ ತಲೆಯ ಮೇಲೆ ಹಾಗೆಯೇ ಉಳಿಯಿತು.

ಮುಷ್ಕರದ ವಿಚಾರವನ್ನು ಚುಟುಕಾಗಿ ಹೇಳುತ್ತೇನೆ. ಬಹುಪಾಲು ರಾಜ್ಯಗಳಲ್ಲಿ ಸರ್ಕಾರಿ ನೌಕರರು ಮುಷ್ಕರ ಹೂಡುವಂತಿಲ್ಲ. ನ್ಯೂಯಾರ್ಕ್‌ನ 1967ರ ಟೇಲರ್ ಕಾಯ್ದೆಯ ಪ್ರಕಾರ ಒಂದು ದಿನ ಮುಷ್ಕರ ಮಾಡಿದರೆ ಎರಡು ದಿನದ ಸಂಬಳ ಖೋತಾ. ಮಾತುಕತೆ ಮುರಿದುಬಿದ್ದರೆ ಮಧ್ಯಸ್ಥಗಾರರು ಬರುತ್ತಾರೆ. ಪೊಲೀಸ್, ಅಗ್ನಿಶಾಮಕ ಸಿಬ್ಬಂದಿಯ ವಿಷಯದಲ್ಲಿ ಹಲವೆಡೆ ಅವರ ತೀರ್ಮಾನವೇ ಅಂತಿಮ. ಕಾನೂನು ಬಾಯಿ ಮುಚ್ಚಿಸಿದ ಮಾತ್ರಕ್ಕೆ ಚೌಕಾಸಿ ನಿಲ್ಲುವುದಿಲ್ಲ ಎನ್ನುವುದಕ್ಕೆ ವೆಸ್ಟ್ ವರ್ಜೀನಿಯಾ ಸಾಕ್ಷಿ. ಅಲ್ಲಿ ಶಿಕ್ಷಕರಿಗೆ ಚೌಕಾಸಿಯ ಹಕ್ಕೂ ಇಲ್ಲ, ಮುಷ್ಕರದ ಹಕ್ಕೂ ಇಲ್ಲ. 2018ರಲ್ಲಿ ಅವರು 55 ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಶಾಲೆಗಳನ್ನೂ ಮುಚ್ಚಿಸಿ ಶೇ 5ರಷ್ಟು ವೇತನ ಹೆಚ್ಚಳ ಪಡೆದರು. ಶಾಲೆಯ ಊಟವನ್ನೇ ನಂಬಿದ್ದ ಮಕ್ಕಳಿಗೆ ಆ ದಿನಗಳಲ್ಲಿ ಊಟದ ಪೊಟ್ಟಣ ಕಟ್ಟಿ ಹಂಚಿದವರೂ ಮುಷ್ಕರನಿರತ ಶಿಕ್ಷಕರೇ.

ಇನ್ನು ವಿಸ್ಕಾನ್ಸಿನ್. ಮೊದಲು ಬಾಗಿಲು ತೆರೆದ ಈ ರಾಜ್ಯದಲ್ಲೇ 2011ರಲ್ಲಿ ದೊಡ್ಡ ಕದನ ನಡೆಯಿತು. ರಿಪಬ್ಲಿಕನ್ ಗವರ್ನರ್ ಸ್ಕಾಟ್ ವಾಕರ್ ತಂದ ಮಸೂದೆಯ ಹೆಸರು 'ಬಜೆಟ್ ದುರಸ್ತಿ'. ನೌಕರರು ಪಿಂಚಣಿಗೆ ಸಂಬಳದ ಸುಮಾರು ಶೇ 5.8ರಷ್ಟನ್ನೂ ಆರೋಗ್ಯ ವಿಮೆಯ ಕಂತಿನ ಶೇ 12.6ರಷ್ಟನ್ನೂ ತಾವೇ ಕೊಡಬೇಕೆಂಬುದು ಅದರ ಹಣದ ಭಾಗ. ಅದನ್ನು ಒಪ್ಪುತ್ತೇವೆ, ಹಕ್ಕಿಗೆ ಕೈ ಹಾಕಬೇಡಿ ಎಂದರು ದೊಡ್ಡ ಸಂಘಗಳ ನಾಯಕರು. ಅಸಲು ಪೆಟ್ಟು ಉಳಿದ ಕಲಮುಗಳಲ್ಲಿತ್ತು. ಚೌಕಾಸಿ ಮೂಲ ವೇತನಕ್ಕೆ ಮಾತ್ರ ಸೀಮಿತ, ಅದೂ ಬೆಲೆ ಏರಿಕೆಯ ಪ್ರಮಾಣ ಮೀರುವಂತಿಲ್ಲ, ಮೀರಬೇಕಾದರೆ ಜನಮತ ಕೇಳಬೇಕು. ವಂತಿಗೆಯ ಕಡಿತ ಬಂದ್. ಪ್ರತಿವರ್ಷ ಸಂಘ ತನ್ನ ಮಾನ್ಯತೆಗೆ ಮತ್ತೆ ಮತದಾನ ನಡೆಸಬೇಕು. ವೃಂದದ ಒಟ್ಟು ನೌಕರರಲ್ಲಿ ಶೇ 51ರಷ್ಟು ಮಂದಿ ಹೌದೆನ್ನಬೇಕು. ನೂರು ಮಂದಿಯಲ್ಲಿ ಐವತ್ತು ಮಂದಿ ಮತ ಹಾಕಿ ಐವತ್ತೂ ಹೌದು ಎಂದರೂ ಸಂಘ ಸೋತಂತೆ. ಮನೆಯಲ್ಲಿ ಮಲಗಿದವರೂ ಬೇಡ ಎಂದ ಲೆಕ್ಕ. ಇದೇ ಅಳತೆಗೋಲು ಹಿಡಿದರೆ ಎಷ್ಟು ಶಾಸಕರು ಗೆಲ್ಲುತ್ತಿದ್ದರೋ.

ವಾಕರ್ ಕಡೆಯ ವಾದವನ್ನೂ ಹೇಳಬೇಕು. ಹಲವು ಶಾಲಾ ಜಿಲ್ಲೆಗಳು ಒಪ್ಪಂದದ ಕಾರಣಕ್ಕೆ ಶಿಕ್ಷಕರ ಸಂಘದ ನಂಟಿದ್ದ ಸಂಸ್ಥೆಯಿಂದಲೇ ವಿಮೆ ಕೊಳ್ಳಬೇಕಾಗಿತ್ತು. ಕಟ್ಟು ಬಿಚ್ಚಿದ ಮೇಲೆ ಅಗ್ಗದ ವಿಮೆ ಹುಡುಕಿ ಹಣ ಉಳಿಸಿದವು.

ರಾಜ್ಯದ ಮೇಲ್ಮನೆಯಾದ ಸೆನೆಟ್‌ನಲ್ಲಿದ್ದ 33 ಮಂದಿಯಲ್ಲಿ ರಿಪಬ್ಲಿಕನ್ನರು 19, ಡೆಮಾಕ್ರಟರು 14. ಹಣಕಾಸು ಮಸೂದೆಗೆ ಕೋರಂ, ಎಂದರೆ ಸದನದಲ್ಲಿ ಇರಲೇಬೇಕಾದವರ ಕನಿಷ್ಠ ಸಂಖ್ಯೆ, 20. ಒಬ್ಬನ ಕೊರತೆ! ಫೆಬ್ರುವರಿ 17ರಂದು ಆ 14 ಮಂದಿಯೂ ಗಡಿ ದಾಟಿ ಪಕ್ಕದ ಇಲಿನಾಯ್‌ಗೆ ಹೋಗಿ ಕೂತರು. ಇತ್ತ ವಿಸ್ಕಾನ್ಸಿನ್ ರಾಜಧಾನಿ ಮ್ಯಾಡಿಸನ್‌ನ ಶಾಸನಭವನದ ಅಮೃತಶಿಲೆಯ ನೆಲದ ಮೇಲೆ ಪ್ರತಿಭಟನಕಾರರು ಹಗಲಿರುಳು ಬೀಡುಬಿಟ್ಟರು. ಅವರಿಗಾಗಿ ಹತ್ತಿರದ ಅಂಗಡಿಯೊಂದಕ್ಕೆ ದೇಶವಿದೇಶಗಳಿಂದ, ಈಜಿಪ್ಟಿನಿಂದಲೂ, ಪೀಟ್ಸಾದ ಆರ್ಡರ್‌ಗಳು ಬಂದವು. ಮಾರ್ಚ್ 9ರಂದು ಆಳುವ ಪಕ್ಷ ಮಸೂದೆಯಿಂದ ಹಣಕಾಸಿನ ಭಾಗಗಳನ್ನು ಕತ್ತರಿಸಿ ತೆಗೆದು, ದೊಡ್ಡ ಕೋರಂನ ಅಗತ್ಯವನ್ನೇ ಇಲ್ಲವಾಗಿಸಿ, 18–1ರಲ್ಲಿ ಪಾಸು ಮಾಡಿತು. ಬಜೆಟ್ ಹೆಸರಿನಲ್ಲಿ ಬಂದ ಕಾನೂನು ಬಜೆಟ್ಟನ್ನು ಬದಿಗಿಟ್ಟು ಪಾರಾಯಿತು. 2012ರ ಜೂನ್‌ನಲ್ಲಿ ವಾಕರ್ ಅವರನ್ನು ವಾಪಸು ಕರೆಸುವ ಚುನಾವಣೆ ನಡೆದರೆ, ಅವರು ಶೇ 53ರಷ್ಟು ಮತ ಪಡೆದು ಗೆದ್ದರು. ರಾಜ್ಯದಲ್ಲಿ ಸಂಘದ ಸದಸ್ಯತ್ವ 2010ರಲ್ಲಿ ನೌಕರವರ್ಗದ ಶೇ 14ರ ಆಸುಪಾಸಿನಲ್ಲಿದ್ದದ್ದು ಆರೇಳು ವರ್ಷಗಳಲ್ಲಿ ಶೇ 8ರ ಆಸುಪಾಸಿಗೆ ಇಳಿಯಿತು.

ಅದೇ 2011ರಲ್ಲಿ ಒಹಾಯೊ ಕೂಡ ಇಂಥದೇ ಕಾನೂನು ಮಾಡಿತು, ಆದರೆ ಪೊಲೀಸರನ್ನೂ ಅಗ್ನಿಶಾಮಕದವರನ್ನೂ ಬಲೆಗೆ ಸೇರಿಸಿತು. ನವೆಂಬರ್‌ನ ಜನಮತಗಣನೆಯಲ್ಲಿ ಶೇ 60ಕ್ಕೂ ಹೆಚ್ಚು ಮತದಾರರು ಅದನ್ನು ಕಿತ್ತೆಸೆದರು. ಉತ್ತರ ಕೆರೊಲಿನಾದಲ್ಲಿ 1959ರಿಂದಲೂ ಸರ್ಕಾರಿ ನೌಕರರ ಸಂಘದ ಜತೆ ಒಪ್ಪಂದ ಮಾಡಿಕೊಳ್ಳುವುದೇ ಕಾನೂನುಬಾಹಿರ; ಇಲಿನಾಯ್ 2022ರಲ್ಲಿ ಚೌಕಾಸಿಯ ಹಕ್ಕನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸಿತು. ಇಂಡಿಯಾನಾದಲ್ಲಿ 1989ರಲ್ಲಿ ಒಬ್ಬ ಗವರ್ನರ್ ಆದೇಶದಿಂದ ಬಂದ ಹಕ್ಕು 2005ರಲ್ಲಿ ಇನ್ನೊಬ್ಬ ಗವರ್ನರ್ ಆದೇಶದಿಂದ ಹೋಯಿತು. ಇಷ್ಟೆಲ್ಲದರ ನಡುವೆಯೂ 2024ರ ಲೆಕ್ಕದಂತೆ ಅಮೆರಿಕದ ಸರ್ಕಾರಿ ನೌಕರರಲ್ಲಿ ಶೇ 32ರಷ್ಟು ಮಂದಿ ಸಂಘದ ಸದಸ್ಯರು. ಖಾಸಗಿ ವಲಯದಲ್ಲಿ ಅದು ಶೇ 6ಕ್ಕಿಂತ ಕಡಿಮೆ.

ವಾಕರ್ ಜಾಣರು. ತಮ್ಮ ಕಾನೂನಿನಲ್ಲಿ ನೌಕರರನ್ನು 'ಸಾರ್ವಜನಿಕ ಸುರಕ್ಷತೆ', 'ಸಾಮಾನ್ಯ' ಎಂದು ಎರಡಾಗಿ ಸೀಳಿ, ಪೊಲೀಸ್ ಮತ್ತು ಅಗ್ನಿಶಾಮಕ ಸಿಬ್ಬಂದಿಯ ಹಕ್ಕನ್ನು ಮುಟ್ಟದೆ ಬಿಟ್ಟಿದ್ದರು. ಹದಿಮೂರು ವರ್ಷಗಳ ಬಳಿಕ, 2024ರ ಡಿಸೆಂಬರ್‌ನಲ್ಲಿ, ಡೇನ್ ಕೌಂಟಿಯ ನ್ಯಾಯಾಧೀಶರೊಬ್ಬರು ಈ ಸೀಳಿನ ಮೇಲೇ ಬೆರಳಿಟ್ಟು, ವಿಂಗಡಣೆಗೆ ತಳಬುಡವಿಲ್ಲ ಎಂದು ಕಾನೂನಿನ ಬಹುಭಾಗವನ್ನು ರದ್ದುಪಡಿಸಿದರು. ಪ್ರಕರಣ ಮೇಲ್ಮನವಿಗೆ ಹೋಯಿತು. ಹೆದ್ದಾರಿ ಗಸ್ತಿನ ಪೊಲೀಸರು 'ಸುರಕ್ಷತೆ'ಯ ಪಟ್ಟಿಯಲ್ಲಿದ್ದರು. ಶಾಸನಭವನವನ್ನು ಕಾಯುವ ಪೊಲೀಸರು, ಎಂದರೆ 2011ರಲ್ಲಿ ಅಮೃತಶಿಲೆಯ ನೆಲದ ಮೇಲೆ ಮಲಗಿದ್ದ ಶಿಕ್ಷಕರ ಸುತ್ತ ಪಹರೆ ನಿಂತ ಪಡೆ, 'ಸಾಮಾನ್ಯ'ರ ಪಟ್ಟಿಯಲ್ಲಿತ್ತು.